ಸಿನಿಮಾ ಝಪತಾಲದಲ್ಲಿ ಓಡ್ತಿತ್ತು

ಅಮ್ಮ ಧಾರವಾಡದಿಂದ ಪುಣೆಗೆ ಬಂದ್ರೆ ಕೊತ್ರೂಡಿನ ನಮ್ಮ ಮನೇಲಿ ದಿನಾ ಸಂಜೆ ಒಂದು ಕನ್ನಡ ಸಿನಿಮಾ ಆಗ್ಲೇಬೇಕು. ಟೀವಿ ಕೆಳಗೆ ಒಂದು ಹಳೇ ಪಿಸಿ ಇಟ್ಟಿದ್ದೀನಿ, ಸಿನಿಮಾ ಎಲ್ಲಾ ಅದರಲ್ಲೇ ಇದೆ. ಹೋದ ದೀಪಾವಳಿಗೆ ಬಂದಾಗ ನೋಡ್ತಾ ನೋಡ್ತಾ ಅಂದ್ರು, "ತಮ್ಮಾ, ಕ್ಯಾಮೆರಾ ಹೊಳ್ಳಿದಾಗೊಮ್ಮೆ ಹಿಂದಿನ ಗಿಡಗೋಳು ಕುಂಟತಾವಲ್ಲೋ."

ಹೌದು, ಕುಂಟ್ತಿದ್ವು! ಎರಡೂ ಕಣ್ಣಿಗೆ ಪೊರೆ ಆಪರೇಶನ್ ಆದವರು ಹಿಡಿದ ತಪ್ಪು ಅದು.

ಇಂಥದ್ದಕ್ಕೆ ಸಿಗೋ ಸಲಹೆಗಳನ್ನ ಕೇಳಿದ್ರೆ ನನಗೆ ನಿಜಕ್ಕೂ ಸಿಟ್ಟು ಬರತ್ತೆ. ಬುಧವಾರ ಪೇಠೆಯ ಒಂದು ಅಂಗಡೀಲಿ ಚಿನ್ನದ ಲೇಪದ ಎಚ್‌ಡಿಎಂಐ ಕೇಬಲ್ ಹಾಕಿ ಸರಿಹೋಗತ್ತೆ ಅಂದ್ರು, ಆಫೀಸಿನ ಗೆಳೆಯ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು ಅಂದ. ಕೇಬಲ್ಲಿನಲ್ಲಿ ಹೋಗೋದು ಸೊನ್ನೆ ಮತ್ತು ಒಂದು, ಅಷ್ಟೇ. ಕೇಬಲ್ ಕೆಟ್ರೆ ಪರದೆ ಮೇಲೆ ಚುಕ್ಕಿ ಮಿಂಚತ್ತೆ ಇಲ್ಲಾ ಪೂರ್ತಿ ಕಪ್ಪಾಗತ್ತೆ, ಗಿಡ ಕುಂಟಲ್ಲ. ತಾಯತ ಕಟ್ಟಿದ್ರೆ ಜ್ವರ ಬಿಡತ್ತೆ ಅನ್ನೋದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಕಾರಣ ಹುಡುಕೋ ಮೊದಲೇ ದುಡ್ಡು ಖರ್ಚು ಮಾಡಿಸೋದು.

ಕಾರಣ ಬರೀ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರತ್ತೆ, ಪಿಸಿ ಟೀವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸತ್ತೆ. ಪಂಕ್ತೀಲಿ 24 ಜನ ಕೂತಿದ್ದಾರೆ, ಪುಟ್ಟೀಲಿ 60 ಹೋಳಿಗೆ ಇದೆ ಅಂದ್ಕೊಳ್ಳಿ. ತಲೆಗೆ ಎರಡೂವರೆ ಬರತ್ತೆ, ಆದ್ರೆ ಇಲ್ಲಿ ಹೋಳಿಗೆ ಮುರಿಯೋ ಹಾಗಿಲ್ಲ, ಅದಕ್ಕೇ ಒಬ್ಬರಿಗೆ 3, ಪಕ್ಕದವರಿಗೆ 2, ಮತ್ತೆ 3, ಮತ್ತೆ 2. ಒಂದು ಚಿತ್ರ 50 ಮಿಲಿಸೆಕೆಂಡ್ ನಿಲ್ಲತ್ತೆ, ಮುಂದಿನದು 33 ಮಾತ್ರ, ನಿಜವಾಗಿ ಪ್ರತಿಯೊಂದೂ ಸುಮಾರು 41.7 ನಿಲ್ಲಬೇಕಿತ್ತು.

ಸಂಗೀತ ಗೊತ್ತಿರೋರಿಗೆ ಇದು ತಕ್ಷಣ ಹೊಳೆಯತ್ತೆ. ಧೀ ನಾ, ಧೀ ಧೀ ನಾ, ತೀ ನಾ, ಧೀ ಧೀ ನಾ, ಇದು ತಬಲಾದ ಝಪತಾಲ, 2-3-2-3! ಧಾರವಾಡದಲ್ಲೂ ಪುಣೆಯಲ್ಲೂ ಆ ತಾಲ ಕೇಳಿ ತಲೆದೂಗದವರು ಯಾರು, ಕಿವಿಗೆ ಅದು ಹಬ್ಬ. ಆದ್ರೆ ಕಣ್ಣಿಗಲ್ಲ. ಕ್ಯಾಮೆರಾ ನಿಧಾನವಾಗಿ ಸರಿದಾಗ ಕಣ್ಣುಗುಡ್ಡೆ ಗಿಡದ ಜೊತೆ ಒಂದೇ ವೇಗದಲ್ಲಿ ಸರೀತಾ ಹೋಗತ್ತೆ, ಈಗ ಗಿಡ ಇಲ್ಲಿರಬೇಕು ಅಂತ ಮೆದುಳು ಮೊದಲೇ ಲೆಕ್ಕ ಹಾಕಿರತ್ತೆ, ಆದ್ರೆ ಗಿಡ ಒಮ್ಮೆ ಹಿಂದೆ ಉಳಿದು ಒಮ್ಮೆ ಮುಂದೆ ಜಿಗಿಯತ್ತೆ. ಪರ್ವತಿ ಗುಡ್ಡದ ಮೆಟ್ಟಿಲಲ್ಲಿ ಒಂದು ಎತ್ತರ, ಮುಂದಿನದು ತಗ್ಗು, ಹೀಗೇ ಮೇಲಿನ ತನಕ ಇದ್ದಿದ್ರೆ ಹತ್ತುವಾಗ ಕಾಲು ಎಡವ್ತಿತ್ತಲ್ವಾ, ಇಲ್ಲಿ ಎಡವ್ತಿರೋದು ಕಣ್ಣು. ಪಾತ್ರಗಳು ಕೂತು ಮಾತಾಡೋ ದೃಶ್ಯದಲ್ಲಿ ಇದು ಗೊತ್ತೇ ಆಗಲ್ಲ.

ಥೇಟರಲ್ಲಿ ಯಾಕೆ ಹೀಗಾಗ್ತಿರಲಿಲ್ಲ? ರೀಲಿನ ಪ್ರೊಜೆಕ್ಟರು ಕೂಡ ಒಂದೇ ಚಿತ್ರವನ್ನ ಎರಡು ಇಲ್ಲಾ ಮೂರು ಸಲ ಮಿಂಚಿಸ್ತಿತ್ತು, ಅದರ ಶಟರಿಗೆ ಎರಡೋ ಮೂರೋ ಅಲಗು ಇರ್ತಿದ್ವು, ಸೆಕೆಂಡಿಗೆ 48 ಇಲ್ಲಾ 72 ಮಿಂಚು. ಆದ್ರೆ ಎಲ್ಲಾ ಚಿತ್ರಕ್ಕೂ ಸಮನಾಗಿ, ಪಂಕ್ತಿಭೇದ ಇಲ್ಲ!

ಈ 24 ಬಂದಿದ್ದು ಮಾತಿನ ಸಿನಿಮಾ ಜೊತೆಗೆ, 1920ರ ದಶಕದ ಕೊನೇಲಿ. ಮೂಕಿ ಕಾಲದಲ್ಲಿ ಕ್ಯಾಮೆರಾಮನ್ ಕೈಯಲ್ಲಿ ಹ್ಯಾಂಡಲ್ ತಿರುಗಿಸ್ತಿದ್ದ, ವೇಗ ಹೆಚ್ಚುಕಮ್ಮಿ ಆದ್ರೂ ನಡೀತಿತ್ತು, ಆದ್ರೆ ಧ್ವನಿ ಸೇರಿದ ಮೇಲೆ ವೇಗ ತಪ್ಪಿದ್ರೆ ಶ್ರುತಿನೇ ತಪ್ಪತ್ತೆ. 24ರ ಲೆಕ್ಕದಲ್ಲಿ 35 ಎಂಎಂ ರೀಲು ನಿಮಿಷಕ್ಕೆ 90 ಅಡಿ ಓಡತ್ತೆ. ನಮ್ಮ ಕನ್ನಡದ ಮೊದಲ ಟಾಕಿ 1934ರಲ್ಲಿ ಬಂತಲ್ಲ, ಅದರ ಶೂಟಿಂಗ್ ಆಗಿದ್ದು ಇದೇ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಅದೇ ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿದ ಪ್ರಭಾತ್ ಕಂಪನಿ 1933ರಲ್ಲಿ ಪುಣೆಗೆ ಬಂತು, ಅದರ ಸ್ಟುಡಿಯೋ ಜಾಗದಲ್ಲೇ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯ್ತು, ನಮ್ಮ ಗಿರೀಶ ಕಾಸರವಳ್ಳಿ ಕಲಿತಿದ್ದು ಅಲ್ಲೇ. ಆ ರಸ್ತೇಲಿ ಹೋಗುವಾಗೆಲ್ಲ ನನಗೆ ಈ 24 ನೆನಪಾಗತ್ತೆ.

ಇನ್ನೊಂದು ಹೇಳ್ಲೇಬೇಕು. ನಮ್ಮ ಹಳೇ ಟೀವಿ ಪದ್ಧತಿ ಸೆಕೆಂಡಿಗೆ 25 ಚಿತ್ರದ್ದು, ಅಂಥ ಕಡೆ 24ರ ಸಿನಿಮಾನ ಸುಮ್ಮನೆ 25ರ ವೇಗದಲ್ಲಿ ಓಡಿಸಿಬಿಡೋದು ವಾಡಿಕೆ. ಎರಡೂವರೆ ಗಂಟೆ ಸಿನಿಮಾ 144 ನಿಮಿಷಕ್ಕೇ ಮುಗಿಯತ್ತೆ, ಸರಿಪಡಿಸದೆ ಬಿಟ್ರೆ ಹಾಡಿನ ಶ್ರುತಿ, ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಅದರ ಪಕ್ಕದ ಕೀಲಿಗೆ (ಕರಿದು ಬಿಳಿದು ಎರಡೂ ಸೇರಿ) ಇರೋ ದೂರದ ಹತ್ತಿರ ಹತ್ತಿರ ಮುಕ್ಕಾಲು ಪಾಲು ಏರತ್ತೆ. ಆದ್ರೆ ಕುಂಟಾಟ ಇಲ್ಲ.

ಸರಿ, ಪಿಸಿ ವಿಷಯಕ್ಕೆ ಬರ್ತೀನಿ. ಅದರಲ್ಲಿದ್ದ ಮೀಡಿಯಾ ಸಾಫ್ಟ್‌ವೇರಿಗೆ ಅಪ್‌ಡೇಟ್ ಬರೋದು ನಿಂತು ವರ್ಷಗಳಾಗಿತ್ತು, ಟೀವಿಯ ವೇಗ ಬದಲಾಯಿಸೋ ಸೆಟ್ಟಿಂಗೇ ಇರಲಿಲ್ಲ, ಬೇಕು ಅಂತ ಕೇಳೋಕೂ ಯಾರೂ ಇರಲಿಲ್ಲ. ಅದನ್ನ ತೆಗೆದು ಲಿಬ್ರೆಇಲೆಕ್ ಹಾಕಿದೆ. ಇದು ಕೋಡಿ ಅನ್ನೋ ಪ್ಲೇಯರ್ ಓಡೋಕೆ ಎಷ್ಟು ಬೇಕೋ ಅಷ್ಟೇ ಇರೋ ಪುಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ಪೆನ್‌ಡ್ರೈವಿಗೆ ಬರೆದು ಅದರಿಂದ ಬೂಟ್ ಮಾಡಿದ್ರೆ ಸಾಕು. ಇನ್‌ಸ್ಟಾಲ್ ಮಾಡುವಾಗ ಆ ಡಿಸ್ಕಿನಲ್ಲಿ ಇರೋದೆಲ್ಲ ಅಳಿಸಿಹೋಗತ್ತೆ, ಸಿನಿಮಾಗಳನ್ನ ಮೊದಲೇ ಬೇರೆ ಡಿಸ್ಕಿಗೆ ಹಾಕಿಟ್ಕೊಳ್ಳಿ.

ಕೋಡಿ ಹುಟ್ಟಿದ್ದು 2002ರಲ್ಲಿ, ಆಟ ಆಡೋ ಎಕ್ಸ್‌ಬಾಕ್ಸಿಗೆ ಹವ್ಯಾಸಿಗಳು ಬರೆದ ಪ್ಲೇಯರಾಗಿ. ಆ ಡಬ್ಬೀಲಿ ಇದ್ದಿದ್ದು 733 ಮೆಗಾಹರ್ಟ್ಸ್ ಪ್ರೊಸೆಸರು, 64 ಎಂಬಿ ಮೆಮೊರಿ! ಎಕ್ಸ್‌ಬಿಎಂಸಿ ಅಂತಿದ್ದ ಹೆಸರು ಕೋಡಿ ಆಗಿದ್ದು 2014ರಲ್ಲಿ, ನಮಗಂತೂ ಕೆರೆ ಕೋಡಿ ಬಿದ್ದ ಹಾಗೆ ಕೇಳ್ಸತ್ತೆ, ಎಷ್ಟು ಚಂದ. ಕೋಡಿ ಅಂದ್ರೆ ಕದ್ದ ಸಿನಿಮಾ ನೋಡೋ ಆ್ಯಪ್ ಅಂತ ತುಂಬಾ ಜನ ನಂಬಿದ್ದಾರೆ, ಅದು ಶುದ್ಧ ತಪ್ಪು. ಅದರ ಜೊತೆ ಒಂದೇ ಒಂದು ಸಿನಿಮಾನೂ ಬರಲ್ಲ, ಬರೀ ಖಾಲಿ ಕಪಾಟು, ತುಂಬಬೇಕಾದವರು ನಾವು. ಕದ್ದ ಮಾಲು ತೋರಿಸೋ ಆ್ಯಡ್‌ಆನ್‌ಗಳನ್ನ, ಅಂದ್ರೆ ಕೋಡಿಗೆ ಸೇರಿಸ್ಕೊಳ್ಳೋ ಪುಟ್ಟ ಪ್ರೋಗ್ರಾಂಗಳನ್ನ, ಹೊರಗಿನವರು ಮಾಡ್ತಾರೆ, ಅವಕ್ಕೂ ನಮಗೂ ಸಂಬಂಧ ಇಲ್ಲ ಅಂತ ಕೋಡಿ ತಂಡದವರು ವರ್ಷಗಳಿಂದ ಹೇಳ್ತಾನೇ ಇದ್ದಾರೆ.

ಕೋಡಿಯ ಪ್ಲೇಯರ್ ಸೆಟ್ಟಿಂಗಲ್ಲಿ 'ಅಡ್ಜಸ್ಟ್ ಡಿಸ್ಪ್ಲೇ ರಿಫ್ರೆಶ್ ರೇಟ್' ಅಂತ ಒಂದು ಸಾಲು ಇದೆ. ಅದನ್ನ 'ಆನ್ ಸ್ಟಾರ್ಟ್/ಸ್ಟಾಪ್' ಮಾಡಿದೆ. ಈಗ ಸಿನಿಮಾ ಶುರುವಾದಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಿ, ಟೀವಿ 24ಕ್ಕೆ ಬದಲಾಗಿ, ತಲೆಗೆ ಒಂದೇ ಹೋಳಿಗೆ ಬೀಳತ್ತೆ. ಗಿಡಗೋಳು ನೆಟ್ಟಗೆ ನಡೆದ್ವು. ಖರ್ಚು ಸೊನ್ನೆ.

ಆದ್ರೂ ಎಲ್ಲೋ ಒಂದು ಕಡೆ ಚಿಕ್ಕದಾಗಿ ಮುಗ್ಗರಿಸ್ತಿತ್ತು. ಗಡಿಯಾರ ಹಿಡಿದು ಕೂತೆ, ಸುಮಾರು 42 ಸೆಕೆಂಡಿಗೆ ಒಂದು ಸಲ. ಅಮೆರಿಕದ ಕಲರ್ ಟೀವಿ ಪದ್ಧತಿ 1953ರಲ್ಲಿ ಬಂದಾಗ 60 ಅನ್ನೋದು 59.94 ಆಯ್ತು, ಅದರ ಬಾಲ ಹಿಡ್ಕೊಂಡು ಡಿಸ್ಕು, ಫೈಲುಗಳ 24 ಕೂಡ 23.976 ಆಯ್ತು. ನನ್ನ ಫೈಲು 23.976, ಟೀವಿ ಓಡ್ತಿದ್ದಿದ್ದು ಪೂರ್ತಿ 24ಕ್ಕೆ, ಹಾಗಾಗಿ 42 ಸೆಕೆಂಡಿಗೆ ಒಂದು ಚಿತ್ರ ಕಮ್ಮಿ ಬಿದ್ದು ಹಿಂದಿನದನ್ನೇ ಎರಡು ಸಲ ತೋರಿಸ್ತಿತ್ತು. ಕೋಡಿ ಸೆಟ್ಟಿಂಗಲ್ಲಿ ಟೀವಿಗೆ ಕೊಡಬಹುದಾದ ವೇಗಗಳ ಪಟ್ಟಿ ಇದೆ, ಅದರಲ್ಲಿ 23.98 ಅನ್ನೋದನ್ನೂ ಟಿಕ್ ಮಾಡಿದ ಮೇಲೆ ಅದೂ ಹೋಯ್ತು.

ಈಗ ಮೇಲಿನ ಮನೆಯ ಬೆಳಗಾವಿ ಕಾಕಾ ಅದೇ ಪೆನ್‌ಡ್ರೈವ್ ಇಸ್ಕೊಂಡು ಹೋಗಿದ್ದಾರೆ. ಅವರ ಮಾನಿಟರ್ 60 ಬಿಟ್ಟು ಬೇರೆ ಏನನ್ನೂ ಒಪ್ಪಲ್ಲ, ಅಲ್ಲಿ ಕೋಡಿ ಹಾಕಿದ್ರೂ ಝಪತಾಲನೇ. ಅದರ ಬದಲು 120 ಹರ್ಟ್ಸಿಂದು, ಅಂದ್ರೆ ಸೆಕೆಂಡಿಗೆ 120 ಸಲ ಚಿತ್ರ ತೋರಿಸೋದು, ಸಿಕ್ರೆ ತಗೊಳ್ಳಿ ಕಾಕಾ, 24 ಐದ್ಲಿ 120, ಎಲ್ಲರಿಗೂ ಐದೈದು ಹೋಳಿಗೆ ಅಂತ ಹೇಳಿದ್ದೀನಿ.