ಜ್ವರ ಬಿಟ್ಟಿತು, ವಾಸನೆ ಬರಲಿಲ್ಲ: ಮೂಗಿಗೆ ಲಿಂಬೆರಸ ಬಿಡಬಹುದಾ?

ಓದುಗರ ಪ್ರಶ್ನೆ: ಜ್ವರ, ನೆಗಡಿ ಎಲ್ಲ ವಾಸಿ ಆಯ್ತು. ಆದ್ರೆ ವಾಸನೆ ಬರೋದಿಲ್ಲ, ಊಟದ ರುಚಿನೂ ಗೊತ್ತಾಗೋದಿಲ್ಲ. ಮೂಗಿಗೆ ಎರಡು ಹನಿ ಲಿಂಬೆರಸ ಬಿಟ್ರೆ ಸರಿಯಾಗ್ತದಂತೆ, ಹೌದಾ ಡಾಕ್ಟ್ರೇ? (ಕುಮಟಾದ ಓದುಗರು)

ಇಲ್ಲ. ಬಿಡಬೇಡಿ. ಎರಡು ಹನಿ ಅಲ್ಲ, ಒಂದು ಹನಿಯೂ ಬೇಡ.

ಹೋದ ವಾಸನೆ ಹೆಚ್ಚಿನವರಿಗೆ ತಾನಾಗಿಯೇ ವಾಪಸ್ ಬರುತ್ತದೆ. ಕೆಲವರಿಗೆ ಎರಡು ಮೂರು ವಾರ ಸಾಕು, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಕೊರೋನಾ ಕಾಲದಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಆದರೂ ಮಳೆಗಾಲ ಹಿಡಿದು ಮನೆಮನೆಯಲ್ಲಿ ನೆಗಡಿ ಶುರುವಾಯಿತು ಅಂದರೆ ಲಿಂಬೆಹಣ್ಣಿನ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ವಿವರವಾಗಿ ಬರೆಯುತ್ತೇನೆ.

ಮೊದಲು ರುಚಿಯ ವಿಷಯ. 'ನಾಲಿಗೆ ಸತ್ತು ಹೋಗಿದೆ' ಅಂತ ಬರುವವರಲ್ಲಿ ಹೆಚ್ಚಿನವರ ನಾಲಿಗೆ ಸರಿಯಾಗಿಯೇ ಇರುತ್ತದೆ. ಮನೆಯಲ್ಲೇ ನೋಡಿಕೊಳ್ಳಬಹುದು. ಏಲಕ್ಕಿ ಪುಡಿ ಬೆರೆಸಿದ ಒಂದು ಚೂರು ಬೆಲ್ಲ ತಗೊಳ್ಳಿ. ಮೂಗನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದು ಬೆಲ್ಲವನ್ನು ಬಾಯಿಗೆ ಹಾಕಿ. ಬರೀ ಸಿಹಿ ಗೊತ್ತಾಗುತ್ತದೆ. ಈಗ ಮೂಗು ಬಿಡಿ. ಆರೋಗ್ಯವಂತರಿಗೆ ಆ ಕ್ಷಣಕ್ಕೇ ಏಲಕ್ಕಿ ಘಮ್ಮೆನ್ನುತ್ತದೆ. ನಿಮಗೆ ಮೂಗು ಬಿಟ್ಟ ಮೇಲೂ ಸಿಹಿ ಮಾತ್ರವೇ ಸಿಕ್ಕರೆ ತೊಂದರೆ ಇರುವುದು ಮೂಗಿನಲ್ಲಿ, ನಾಲಿಗೆಯಲ್ಲಲ್ಲ.

ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಎನ್ನುವ ಇನ್ನೊಂದು. ಅಷ್ಟೇ. ಮಿಕ್ಕದ್ದೆಲ್ಲ ಜಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಶಿರಸಿ ಕಡೆಯವರು ಅಪ್ಪೆಹುಳಿ ಕುಡಿದು 'ಸಪ್ಪೆ' ಅನ್ನುತ್ತಾರಲ್ಲ, ಅವರಿಗೂ ಹುಳಿ, ಉಪ್ಪು ಗೊತ್ತಾಗುತ್ತಲೇ ಇರುತ್ತದೆ. ಅಪ್ಪೆಮಿಡಿಯ ಪರಿಮಳ, ಇಂಗಿನ ಒಗ್ಗರಣೆ ಇವೆರಡೂ ಇಲ್ಲದ ಅಪ್ಪೆಹುಳಿ ಮತ್ತೆ ಸಪ್ಪೆಯೇ ಅಲ್ವಾ? ಕೊರೋನಾದಲ್ಲಿ ಕೆಲವರಿಗೆ ನಾಲಿಗೆಯ ರುಚಿಯೂ ನಿಜವಾಗಿ ಹೋಗಿತ್ತು. ಆದರೆ ಬರೀ ನೆಗಡಿಯಲ್ಲಿ ಅದು ಅಪರೂಪ.

ವಾಸನೆ ಹೋಗುವುದು ಎರಡು ರೀತಿ. ಒಂದು, ಮೂಗು ಕಟ್ಟಿ ಗಾಳಿಯೇ ಮೇಲೆ ಹೋಗದಿರುವುದು. ಕಟ್ಟಿದ್ದು ಬಿಟ್ಟರೆ ವಾಸನೆಯೂ ಬರುತ್ತದೆ. ಇನ್ನೊಂದರಲ್ಲಿ ಮೂಗು ಖಾಲಿ ಇರುತ್ತದೆ, ಉಸಿರು ಸರಾಗ ಇರುತ್ತದೆ, ವಾಸನೆ ಮಾತ್ರ ಇಲ್ಲ. ಇಲ್ಲಿ ವೈರಸ್ ವಾಸನೆ ಹಿಡಿಯುವ ಪೊರೆಗೇ ಏಟು ಕೊಟ್ಟಿರುತ್ತದೆ. ಆ ಪೊರೆ ಇರುವುದು ಮೂಗಿನ ತೀರ ಮೇಲೆ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ತಲೆಬುರುಡೆಯ ಎಲುಬಿಗೆ ತಾಗಿಕೊಂಡು. ವಿಸ್ತಾರ ಕೆಲವೇ ಚದರ ಸೆಂಟಿಮೀಟರ್. ಕೊರೋನಾ ವೈರಸ್ ಅಲ್ಲಿನ ನರಕೋಶಗಳಿಗಿಂತ ಹೆಚ್ಚಾಗಿ ಅವುಗಳಿಗೆ ಆಸರೆಯಾಗಿರುವ ಕೋಶಗಳಿಗೆ ನುಗ್ಗುತ್ತದೆ ಅಂತ 2020ರಲ್ಲೇ ಗೊತ್ತಾಯಿತು. ಅಡಿಕೆ ತೋಟದಲ್ಲಿ ಮರಗಳೆಲ್ಲ ನಿಂತೇ ಇವೆ, ನೀರು ಗೊಬ್ಬರ ನೋಡುವ ಆಳುಗಳೆಲ್ಲ ಹಾಸಿಗೆ ಹಿಡಿದಿದ್ದಾರೆ ಅಂದ ಹಾಗೆ. ಒಳ್ಳೆಯ ಸುದ್ದಿ ಏನೆಂದರೆ ಈ ಪೊರೆಯ ಕೋಶಗಳು, ವಾಸನೆಯ ನರಕೋಶಗಳೂ ಸೇರಿ, ಬದುಕಿರುವಷ್ಟು ಕಾಲ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಅವುಗಳಿಗೆ ಬೇಕಾದದ್ದು ಸಮಯ.

ಈಗ ಲಿಂಬೆಹಣ್ಣಿಗೆ ಬರೋಣ. 2021ರ ಎರಡನೇ ಅಲೆಯಲ್ಲಿ ಈ ಮಾತು ವಾಟ್ಸಾಪ್‌ನಲ್ಲಿ ಊರೂರಿಗೆ ಹಬ್ಬಿತು. ಕೊರೋನಾ ಸಾಯುತ್ತದೆ, ಆಕ್ಸಿಜನ್ ಏರುತ್ತದೆ ಅಂತೆಲ್ಲ ಹೇಳಿದರು. ಅದು ಸುಳ್ಳು ಅಂತ ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿ ಆಗಲೇ ಹೇಳಿತ್ತು. ಕೊರೋನಾ ತಣ್ಣಗಾದರೂ ಲಿಂಬೆಹಣ್ಣು ಉಳಿದುಕೊಂಡಿತು. ಈಗ ಅದನ್ನೇ ವಾಸನೆ ಬರಿಸುವ ಮದ್ದು ಅನ್ನುತ್ತಿದ್ದಾರೆ.

ನಂಬಿಕೆ ಗಟ್ಟಿಯಾಗಲು ಕಾರಣ ಇದೆ. ರಸ ಬಿಟ್ಟ ಕೂಡಲೇ ಮೂಗು ಭಗ್ಗೆಂದು ಉರಿಯುತ್ತದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಸಾಲು ಸಾಲು ಸೀನು. 'ನೋಡಿ, ಮೂಗು ತೆರೆದುಕೊಂಡಿತು' ಅನಿಸುತ್ತದೆ. ಆದರೆ ಉರಿಯನ್ನು ತಿಳಿಸುವುದು ವಾಸನೆಯ ನರ ಅಲ್ಲ. ಅದು ಮುಖದ ಸ್ಪರ್ಶ, ನೋವು, ಉರಿ ತಿಳಿಸುವ ಟ್ರೈಜೆಮಿನಲ್ ನರ. ಈರುಳ್ಳಿ ಹೆಚ್ಚುವಾಗ ಕಣ್ಣು ಉರಿಯುವುದು, ವಿಕ್ಸ್ ತಂಪು ಅನಿಸುವುದು, ಒಣಮೆಣಸು ಹುರಿದಾಗ ಘಾಟು ಹೊಡೆಯುವುದು, ಕಾರವಾರದ ಬಂಗಡೆ ಸಾರಿನ ಜುಮ್ಮನಕಾಯಿಗೆ ನಾಲಿಗೆ ಜುಮ್ಮೆನ್ನುವುದು, ಎಲ್ಲ ಅದೇ ನರದ ಕೆಲಸ. ವಾಸನೆ ಪೂರ್ತಿ ಹೋದವರೂ ಮೆಣಸಿನ ಘಾಟಿಗೆ ಕೆಮ್ಮುತ್ತಾರೆ. ಮೂಗು ಉರಿಯಿತು ಅಂದರೆ ಉರಿಯುವ ನರ ಚೆನ್ನಾಗಿದೆ ಅಂತ ಅರ್ಥ. ವಾಸನೆಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು, ಬಿಟ್ಟ ರಸ ಹೋಗುವುದೆಲ್ಲಿಗೆ? ಹೆಚ್ಚಿನದು ಮೂಗಿನ ತಳದಲ್ಲೇ ಹರಿದು ಗಂಟಲಿಗೆ ಇಳಿಯುತ್ತದೆ. ವಾಸನೆಯ ಪೊರೆ ಮೇಲೆಲ್ಲೋ ಇದೆ. ಒಂದು ವೇಳೆ ಅಲ್ಲಿಗೆ ಮುಟ್ಟಿತು ಅಂತಲೇ ಇಟ್ಟುಕೊಳ್ಳಿ. ಲಿಂಬೆರಸದ ಪಿಎಚ್ ಹೆಚ್ಚುಕಡಿಮೆ 2. ಏಟು ತಿಂದು ಈಗಷ್ಟೇ ಚಿಗುರುತ್ತಿರುವ ಪೊರೆಯ ಮೇಲೆ ಅಂಥ ಆಮ್ಲ ಸುರಿದರೆ ಅದು ಸುಧಾರಿಸುತ್ತದಾ? ಲಿಂಬೆರಸ ಬಿಟ್ಟುಕೊಂಡು ಬಂದವರೊಬ್ಬರ ಮೂಗಿಗೆ ಟಾರ್ಚ್ ಬಿಟ್ಟು ನೋಡಿದ್ದೆ. ಒಳಗೆ ಕೆಂಡದ ಹಾಗೆ ಕೆಂಪು, ಊದಿಕೊಂಡು ಗಾಳಿಗೂ ಜಾಗ ಇರಲಿಲ್ಲ. ಮೊದಲು ವಾಸನೆ ಮಾತ್ರ ಇರಲಿಲ್ಲ. ಆಮೇಲೆ ಉಸಿರಾಟಕ್ಕೂ ತೊಂದರೆ.

ಮೂಗಿಗೆ ಏನೇನೋ ಬಿಟ್ಟರೆ ಏನಾಗುತ್ತದೆ ಅನ್ನುವುದು ಇತಿಹಾಸದಲ್ಲೇ ಇದೆ. 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಪೋಲಿಯೊ ತಡೆಯಲು ಸಾವಿರಾರು ಮಕ್ಕಳ ಮೂಗಿಗೆ ಜಿಂಕ್ ಸಲ್ಫೇಟ್ ಸಿಂಪಡಿಸಿದರು. ಪೋಲಿಯೊ ತಡೆಯಲಿಲ್ಲ. ಕೆಲವು ಮಕ್ಕಳ ವಾಸನೆ ಹೋಯಿತು. ಅಮೆರಿಕದಲ್ಲಿ ನೆಗಡಿಗೆಂದು ಮೂಗಿಗೆ ಹಚ್ಚುವ ಜಿಂಕ್ ಜೆಲ್ ಬಳಸಿದ ಕೆಲವರು ವಾಸನೆ ಕಳೆದುಕೊಂಡರು. 2009ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಬಳಸಬೇಡಿ ಅಂತ ಎಚ್ಚರಿಸಿತು. ಒಳ್ಳೆಯದಾಗಲಿ ಅಂತಲೇ ಬಿಟ್ಟದ್ದು ಮೂಗನ್ನು ಕೆಡಿಸಿತು.

'ನಮ್ಮ ಭಾವನಿಗೆ ಲಿಂಬೆರಸದಿಂದಲೇ ವಾಸಿ ಆಯ್ತಲ್ಲ' ಅನ್ನುತ್ತೀರಿ. ಭಾವ ಸುಮ್ನೆ ಕೂತಿದ್ದರೂ ಆಗುತ್ತಿತ್ತು. ತಾನಾಗಿ ವಾಸಿಯಾಗುವ ಕಾಯಿಲೆಯಲ್ಲಿ ಕೊನೆಗೆ ಮಾಡಿದ ಮದ್ದಿಗೇ ಹೆಸರು ಬರುತ್ತದೆ.

ಹಾಗಾದರೆ ಏನೂ ಮಾಡುವುದು ಬೇಡವಾ? ಮಾಡಬಹುದು, ಮತ್ತು ಇಲ್ಲಿ ಲಿಂಬೆಗೂ ಜಾಗ ಇದೆ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಥಾಮಸ್ ಹುಮೆಲ್ ಮತ್ತು ಜೊತೆಗಾರರು 2009ರಲ್ಲಿ ವಾಸನೆಯ ಅಭ್ಯಾಸ ಅನ್ನುವುದನ್ನು ತೋರಿಸಿದರು. ಗುಲಾಬಿ, ನೀಲಗಿರಿ, ಲಿಂಬೆ, ಲವಂಗ, ಈ ನಾಲ್ಕನ್ನು ದಿನಕ್ಕೆ ಎರಡು ಸಲ, 12 ವಾರ ಮೂಸುವುದು. ಮೂಸಿದವರಲ್ಲಿ ಮೂಸದವರಿಗಿಂತ ಜಾಸ್ತಿ ಸುಧಾರಣೆ ಕಂಡಿತು. ಎಲ್ಲರಿಗೂ ಆಗುತ್ತದೆ ಅಂತಲ್ಲ, ಆದರೆ ಖರ್ಚಿಲ್ಲ, ಅಪಾಯ ಇಲ್ಲ. ಲವಂಗ ಜಜ್ಜಿ ಒಂದು ಡಬ್ಬಿಯಲ್ಲಿ ಹಾಕಿ. ಲಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿ. ನೀಲಗಿರಿ ಎಣ್ಣೆಯನ್ನು ಹತ್ತಿಗೆ ಹಾಕಿಕೊಳ್ಳಿ. ಒಂದೊಂದನ್ನೂ ಹತ್ತು-ಹದಿನೈದು ಸೆಕೆಂಡು ಮೆಲ್ಲಗೆ ಮೂಸಿ, ಅದರ ವಾಸನೆ ಹೇಗಿತ್ತು ಅಂತ ಮನಸ್ಸಿನಲ್ಲಿ ನೆನೆಸಿಕೊಳ್ಳಿ. ಏನೂ ಬರದಿದ್ದರೂ ಬಿಡಬೇಡಿ. ಹೆಚ್ಚಿನವರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ, ನನಗೆ ಬೇಸರ ಆಗುವುದು ಅಲ್ಲೇ.

ವಾಪಸ್ ಬರುವಾಗ ಕೆಲವರಿಗೆ ವಾಸನೆ ತಿರುಚಿಕೊಂಡು ಬರುತ್ತದೆ. ಕಾಫಿ ಸುಟ್ಟ ರಬ್ಬರಿನ ಹಾಗೆ, ಬೆಳ್ಳುಳ್ಳಿ ಒಗ್ಗರಣೆ ಕೊಳೆತ ಹಾಗೆ. ಹೆದರಬೇಡಿ, ನರಗಳು ಮತ್ತೆ ಬೆಳೆಯುವಾಗ ಹೀಗಾಗುವುದುಂಟು. ಬಿಸಿ ಅಡುಗೆಗಿಂತ ತಣ್ಣನೆಯದರ ವಾಸನೆ ಕಡಿಮೆ. ಆ ದಿನಗಳಲ್ಲಿ ತಂಬುಳಿ, ಮೊಸರನ್ನ ಊಟಕ್ಕೆ ಆಗುತ್ತದೆ.

ತಿಂಗಳಾದರೂ ಏನೂ ಸುಧಾರಿಸದಿದ್ದರೆ, ಒಂದೇ ಹೊಳ್ಳೆಯಲ್ಲಿ ತೊಂದರೆ ಇದ್ದರೆ, ರಕ್ತ ಬಂದರೆ, ನೆಗಡಿ ಇಲ್ಲದೆಯೇ ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ ಹೋಗಿದ್ದರೆ ಇಎನ್‌ಟಿ ಡಾಕ್ಟರನ್ನು ನೋಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಒಣಮೀನು ಒಣಗಿಸುವ ಕಡೆ ಮನೆ ಇರುವವರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ, ಘಟ್ಟದಿಂದ ಇಳಿದ ನೆಂಟರು ಮಾತ್ರ ಮೂಗು ಮುಚ್ಚುತ್ತಾರೆ. ಇವರಿಗೆ ವಾಸನೆ ಹೋಗಿದೆಯಾ? ಇಲ್ಲ. ಒಂದೇ ವಾಸನೆ ಬರುತ್ತಲೇ ಇದ್ದರೆ ಮೂಗು, ಮೆದುಳು ಎರಡೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತವೆ. ಕೆಲವು ನಿಮಿಷದಲ್ಲೇ ಇದು ಶುರುವಾಗುತ್ತದೆ.

ಇದನ್ನು ಇಲ್ಲಿ ತಂದದ್ದು ಅಡುಗೆಮನೆಯ ಸಿಲಿಂಡರ್ ಸಲುವಾಗಿ. ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಸೋರಿದರೆ ಗೊತ್ತಾಗಲಿ ಅಂತ ಮರ್ಕಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಮೆಲ್ಲಗೆ ಸೋರುತ್ತಿದ್ದರೆ ಅಲ್ಲೇ ಇರುವ ಆರೋಗ್ಯವಂತರಿಗೂ ಗೊತ್ತಾಗದೇ ಹೋಗಬಹುದು. ವಾಸನೆ ಹೋದವರಿಗಂತೂ ಗೊತ್ತಾಗುವುದೇ ಇಲ್ಲ. ನಿಮಗೆ ವಾಸನೆ ಬರುವವರೆಗೆ ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿ. ಹಾಲು, ಮೀನು ಕೆಟ್ಟಿದೆಯಾ ಅಂತ ಮನೆಯ ಇನ್ನೊಬ್ಬರ ಕೈಯಲ್ಲಿ ಮೂಸಿಸಿ. ಹೊರಗಿನಿಂದ ಬಂದವರು 'ಗ್ಯಾಸ್ ವಾಸನೆ ಬರ್ತಾ ಇದೆ' ಅಂದರೆ 'ನಮಗೇನೂ ಇಲ್ಲವಲ್ಲ' ಅಂತ ವಾದಕ್ಕೆ ನಿಲ್ಲಬೇಡಿ. ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.