ಪದ ಪರಿಚಯ: ರಿಯೂನಿಯನ್ ಮೂವಿ

ಜನ ಮೆಚ್ಚಿದ ಟಿವಿ ಧಾರಾವಾಹಿಯೊಂದು ನಿಂತು ಎಷ್ಟೋ ವರ್ಷಗಳಾದ ಮೇಲೆ, ಹಳೆಯ ನಟನಟಿಯರನ್ನೇ ಹಳೆಯ ಪಾತ್ರಗಳಲ್ಲಿ ಮತ್ತೆ ಕೂಡಿಸಿ ತೆಗೆಯುವ ಚಿತ್ರಕ್ಕೆ ಅಮೆರಿಕದ ಟಿವಿ ಲೋಕದಲ್ಲಿ ರಿಯೂನಿಯನ್ ಮೂವಿ ಎನ್ನುತ್ತಾರೆ. ಕನ್ನಡದಲ್ಲಿ ಮರುಮಿಲನ ಚಿತ್ರ ಎಂದರೆ ಸಾಕು. ಸಾಮಾನ್ಯವಾಗಿ ಇದು ಥಿಯೇಟರಿಗೆ ಬರುವುದಿಲ್ಲ. ಟಿವಿಗೆಂದೇ ತಯಾರಾಗಿ, ಜಾಹೀರಾತೂ ಸೇರಿ ಎರಡು ಗಂಟೆಯ ಅವಧಿಯಲ್ಲಿ ಒಂದು ರಾತ್ರಿ ಪ್ರಸಾರವಾಗುತ್ತದೆ. ಹೊರಗೆ ಹತ್ತು ವರ್ಷ ಕಳೆದಿದ್ದರೆ ಕತೆಯೊಳಗೂ ಹತ್ತು ವರ್ಷ ಕಳೆದಿರುತ್ತದೆ. ಪಾತ್ರಗಳ ತಲೆ ನರೆತಿರುತ್ತದೆ, ಮಕ್ಕಳು ದೊಡ್ಡವರಾಗಿರುತ್ತಾರೆ, ಯಾರೋ ಒಬ್ಬರು ತೀರಿಕೊಂಡಿರುತ್ತಾರೆ.

ರೀಮೇಕ್ ಬೇರೆ. ಅಲ್ಲಿ ಹೊಸ ನಟರು ಹಳೆಯ ಕತೆಯನ್ನು ಮೊದಲಿನಿಂದ ಆಡುತ್ತಾರೆ. ಧಾರಾವಾಹಿಯೇ ಮತ್ತೆ ಶುರುವಾಗುವುದು ಇನ್ನೊಂದು ಬಗೆ. ನಮ್ಮಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಕೆಲವು ವರ್ಷಗಳ ನಂತರ ಹಾಗೆ ಮರಳಿದವು, ಪ್ರತಿದಿನದ ಕಂತುಗಳಾಗಿಯೇ ಮರಳಿದವು. ಮರುಮಿಲನ ಚಿತ್ರಕ್ಕೆ ಆ ಸೌಲಭ್ಯ ಇರುವುದಿಲ್ಲ. ಇವತ್ತಿನ ಕಂತು ಸಪ್ಪೆಯಾಯಿತು, ನಾಳೆ ನೋಡೋಣ ಎನ್ನಲು ಅದಕ್ಕೆ ನಾಳೆಯೇ ಇಲ್ಲ.

ಇಂಥ ಚಿತ್ರಗಳು 1970ರ ದಶಕದ ಕೊನೆಯಿಂದ 1980ರ ದಶಕದ ಉದ್ದಕ್ಕೂ ಸಾಲುಗಟ್ಟಿ ಬಂದವು. ಕಾರಣ ಮರುಪ್ರಸಾರ. 1960ರ ದಶಕದ ಹಾಸ್ಯ ಧಾರಾವಾಹಿಗಳನ್ನು ಸ್ಥಳೀಯ ಕೇಂದ್ರಗಳು ಕೊಂಡು ಮಧ್ಯಾಹ್ನ, ಸಂಜೆ ಮತ್ತೆ ಮತ್ತೆ ಹಾಕುತ್ತಿದ್ದವು. ಮೊದಲ ಪ್ರಸಾರದ ಹೊತ್ತಿಗೆ ಹುಟ್ಟಿಯೇ ಇರದ ಮಕ್ಕಳೂ ಶಾಲೆಯಿಂದ ಬಂದು ಅವನ್ನು ನೋಡಿ ಬೆಳೆದರು. ಹೀಗೆ ತಾನಾಗಿ ಹುಟ್ಟಿಕೊಂಡ ಪ್ರೇಕ್ಷಕವರ್ಗ ದೊಡ್ಡ ವಾಹಿನಿಗಳ ಕಣ್ಣಿಗೆ ಬಿತ್ತು. ಹೆಸರನ್ನು ಪರಿಚಯಿಸುವ ಖರ್ಚಿಲ್ಲ, ಪಾತ್ರ ಯಾರೆಂದು ಹೇಳುವ ಅಗತ್ಯವಿಲ್ಲ. ಇನ್ನೊಂದು ಕಾರಣವೂ ಇತ್ತು, ಅದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ಆ ಕಾಲದ ಧಾರಾವಾಹಿಗಳಲ್ಲಿ ಅನೇಕವಕ್ಕೆ ಮುಕ್ತಾಯವೇ ಇರಲಿಲ್ಲ. ವಾಹಿನಿ ರದ್ದು ಮಾಡಿದ ದಿನ ಕತೆ ಎಲ್ಲಿತ್ತೋ ಅಲ್ಲೇ ನಿಂತುಬಿಟ್ಟಿತ್ತು. ಆಮೇಲೆ ಅವರೆಲ್ಲ ಏನಾದರು ಎಂದು ಕೇಳುವ ಹಕ್ಕು ನೋಡುಗರಿಗೆ ನಿಜವಾಗಿಯೂ ಇತ್ತು.

ಅಂಥ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಬಹಳ ನಿರಾಸೆ ತಂದದ್ದು 1981ರ ‘ದಿ ರಿಟರ್ನ್ ಆಫ್ ದಿ ಬೆವರ್ಲಿ ಹಿಲ್‌ಬಿಲ್ಲೀಸ್’. ಅದು ಏಕೆ ಸೋತಿತೆಂದು ತಿಳಿಯಲು ಮೂಲ ಧಾರಾವಾಹಿ ಏಕೆ ಗೆದ್ದಿತೆಂದು ಮೊದಲು ನೋಡಬೇಕು.

‘ದಿ ಬೆವರ್ಲಿ ಹಿಲ್‌ಬಿಲ್ಲೀಸ್’ ಸಿಬಿಎಸ್ ವಾಹಿನಿಯಲ್ಲಿ 1962ರ ಸೆಪ್ಟೆಂಬರ್ 26ರಂದು ಶುರುವಾಗಿ 1971ರ ಮಾರ್ಚ್‌ವರೆಗೆ ನಡೆಯಿತು. ಒಟ್ಟು 274 ಕಂತು. ಮೊದಲ ಎರಡು ವರ್ಷ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ ಇದೇ. ಬೆಟ್ಟಸೀಮೆಯ ಬಡ ವಿಧುರ ಜೆಡ್ ಕ್ಲ್ಯಾಂಪೆಟ್‌ನ ಜೌಗು ನೆಲದಲ್ಲಿ ಎಣ್ಣೆ ಸಿಗುತ್ತದೆ. ಎರಡೂವರೆ ಕೋಟಿ ಡಾಲರ್ ಕೈಗೆ ಬರುತ್ತದೆ. ಮಗಳು ಎಲ್ಲಿ ಮೇ, ಅತ್ತೆ ಗ್ರ್ಯಾನಿ, ನೆಂಟರ ಹುಡುಗ ಜೆತ್ರೋ, ಇಷ್ಟು ಜನ ಹಳೆಯ ಲಡಕಾಸಿ ಟ್ರಕ್ಕು ಹತ್ತಿ ಬೆವರ್ಲಿ ಹಿಲ್ಸ್‌ನ ಅರಮನೆಯಂಥ ಮನೆಗೆ ಬಂದು ಇಳಿಯುತ್ತಾರೆ. ಪಕ್ಕದ ಮನೆಯಲ್ಲಿ ಅವರ ಹಣ ಕಾಯುವ ಬ್ಯಾಂಕರ್ ಡ್ರೈಸ್‌ಡೇಲ್. ಅವನ ಕಾರ್ಯದರ್ಶಿ ಮಿಸ್ ಜೇನ್ ಹ್ಯಾಥವೇ.

ಒಂಬತ್ತು ವರ್ಷ ಆ ಮನೆಯಲ್ಲಿದ್ದರೂ ಅವರು ಬದಲಾಗುವುದಿಲ್ಲ. ಈಜುಕೊಳಕ್ಕೆ ಸಿಮೆಂಟ್ ಕೆರೆ ಎನ್ನುತ್ತಾರೆ. ಬಿಲಿಯರ್ಡ್ಸ್ ಮೇಜು ನೋಡಿ ಸಿರಿವಂತರ ಊಟದ ಮೇಜು ಎಂದುಕೊಂಡು ಅದರ ಮೇಲೇ ಊಟ ಮಾಡುತ್ತಾರೆ, ಕೋಲುಗಳಿಂದ ಪಾತ್ರೆಗಳನ್ನು ಆಚೆ ತುದಿಗೆ ದಾಟಿಸುತ್ತಾರೆ. ಗೋಡೆಯೊಳಗಿಂದ ಸಂಗೀತ ಕೇಳಿಸಿದಾಗಲೆಲ್ಲ ಬಾಗಿಲಿಗೆ ಯಾರೋ ಬಂದಿರುತ್ತಾರೆ, ಇದೇನು ವಿಚಿತ್ರವೆಂದು ಬೆರಗಾಗುತ್ತಾರೆ. ಅದು ಕರೆಗಂಟೆ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಗ್ರ್ಯಾನಿ ಹಿತ್ತಿಲಲ್ಲಿ ಕಳ್ಳಭಟ್ಟಿ ಇಳಿಸುತ್ತಾಳೆ, ಅದು ಅವಳ ಪ್ರಕಾರ ವಾತಕ್ಕೆ ಔಷಧಿ. ಆರನೇ ತರಗತಿವರೆಗೆ ಓದಿದ ಜೆತ್ರೋ ಒಂದು ವಾರ ಮೆದುಳಿನ ಸರ್ಜನ್ ಆಗಲು ಹೊರಡುತ್ತಾನೆ, ಮತ್ತೊಂದು ವಾರ ಗೂಢಚಾರ, ಇನ್ನೊಮ್ಮೆ ಸಿನಿಮಾ ದೊರೆ. ಏನೂ ಆಗುವುದಿಲ್ಲ. ಡ್ರೈಸ್‌ಡೇಲ್ ಈ ಹಣ ಎಲ್ಲಿ ಕೈತಪ್ಪುವುದೋ ಎಂಬ ಭಯದಲ್ಲಿ ಅವರ ಎಲ್ಲ ಹುಚ್ಚಾಟಕ್ಕೂ ತಾಳ ಹಾಕುತ್ತಾನೆ. ಇದರ ನಡುವೆ ಜೆಡ್ ಒಬ್ಬನೇ ನಿಧಾನಸ್ಥ. ಅವನ ಸಾವಧಾನ ಇರುವುದರಿಂದಲೇ ಉಳಿದವರ ಗದ್ದಲ ನಗು ತರಿಸುತ್ತದೆ. ನಗುವ ಸರದಿ ಹೆಚ್ಚಾಗಿ ಹಳ್ಳಿಯವರದ್ದು ಎಂಬುದನ್ನೂ ಹೇಳಬೇಕು. ಸಣ್ಣತನವೆಲ್ಲ ಪಟ್ಟಣದವರ ಪಾಲಿಗೆ ಬರುತ್ತಿತ್ತು.

1971ರಲ್ಲಿ ಸಿಬಿಎಸ್ ಹಳ್ಳಿಯ ವಾಸನೆಯಿದ್ದ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ಕೈಬಿಟ್ಟಿತು. ಜಾಹೀರಾತುದಾರರಿಗೆ ಪಟ್ಟಣದ ಕಿರಿಯ ನೋಡುಗರು ಬೇಕಾಗಿದ್ದರು. ಕ್ಲ್ಯಾಂಪೆಟ್ ಕುಟುಂಬಕ್ಕೆ ವಿದಾಯದ ಕಂತೂ ಸಿಗಲಿಲ್ಲ.

ಹತ್ತು ವರ್ಷದ ಬಳಿಕ, 1981ರ ಅಕ್ಟೋಬರ್ 6ರಂದು, ಅದೇ ಸಿಬಿಎಸ್ ಅವರನ್ನು ಮತ್ತೆ ಕರೆತಂದಿತು. ಬರೆದವರು ಧಾರಾವಾಹಿಯನ್ನು ಹುಟ್ಟಿಸಿದ ಪಾಲ್ ಹೆನ್ನಿಂಗ್ ಅವರೇ. ಆದ್ದರಿಂದ ಪಾತ್ರಗಳ ಅರಿವಿಲ್ಲದವರು ಕೆಡಿಸಿದರೆಂದು ದೂರುವಂತಿಲ್ಲ. ಜೆಡ್ ಆಗಿ ಬಡ್ಡಿ ಎಬ್ಸೆನ್, ಎಲ್ಲಿ ಮೇ ಆಗಿ ಡೊನಾ ಡಗ್ಲಾಸ್, ಮಿಸ್ ಹ್ಯಾಥವೇ ಆಗಿ ನ್ಯಾನ್ಸಿ ಕಲ್ಪ್ ಬಂದರು. ಗ್ರ್ಯಾನಿಯಾಗಿದ್ದ ಐರೀನ್ ರಯಾನ್ 1973ರಲ್ಲೇ ತೀರಿಕೊಂಡಿದ್ದರು. ಡ್ರೈಸ್‌ಡೇಲ್ ಆಗಿದ್ದ ರೇಮಂಡ್ ಬೈಲಿ 1980ರಲ್ಲಿ ಹೋದರು. ಜೆತ್ರೋ ಆಗಿದ್ದ ಮ್ಯಾಕ್ಸ್ ಬೇರ್ ಜೂನಿಯರ್ ಒಪ್ಪಲಿಲ್ಲ, ಅವರ ಜಾಗಕ್ಕೆ ರೇ ಯಂಗ್ ಬಂದರು. ಆರು ಮುಖ್ಯ ಮುಖಗಳಲ್ಲಿ ಮೂರು ಇಲ್ಲ.

ಕತೆ ಹೀಗಿದೆ. ಜೆಡ್ ಆಸ್ತಿಯನ್ನು ಎಲ್ಲಿ ಮೇ, ಜೆತ್ರೋ ಇಬ್ಬರಿಗೂ ಹಂಚಿ ಬೆಟ್ಟಕ್ಕೆ ಮರಳಿದ್ದಾನೆ. ಎಲ್ಲಿ ಮೇ ಪ್ರಾಣಿಸಂಗ್ರಹಾಲಯ ನಡೆಸುತ್ತಿದ್ದಾಳೆ. ಜೆತ್ರೋ ಹಾಲಿವುಡ್‌ನಲ್ಲಿ ಸ್ಟುಡಿಯೋ ಒಡೆಯ. ಮಿಸ್ ಹ್ಯಾಥವೇ ಈಗ ಸರ್ಕಾರದ ಇಂಧನ ಇಲಾಖೆಯಲ್ಲಿದ್ದಾಳೆ. ದೇಶಕ್ಕೆ ಇಂಧನದ ಬಿಕ್ಕಟ್ಟು ಬಂದಿದೆ, ಗ್ರ್ಯಾನಿಯ ಕಳ್ಳಭಟ್ಟಿ ಪೆಟ್ರೋಲಿಗೆ ಬದಲಿಯಾದೀತೆಂದು ಅವಳಿಗೆ ನೆನಪಾಗುತ್ತದೆ. ಗ್ರ್ಯಾನಿ ಈಗ ಇಲ್ಲ, ಅದರ ಹದ ಬಲ್ಲವಳು ಅವಳ ಮುದಿ ತಾಯಿ ಮಾತ್ರ. ಆ ಮುದುಕಿಯನ್ನು ಹುಡುಕಿಕೊಂಡು ಇಲಾಖೆಯ ಅಧಿಕಾರಿಯ ಜೊತೆ ಬೆಟ್ಟಕ್ಕೆ ಬರುತ್ತಾಳೆ.

ತಾಯಿಯ ಪಾತ್ರ ಇಮೋಜೀನ್ ಕೋಕಾ ಅವರದು. 1950ರ ದಶಕದ ಅಮೆರಿಕನ್ ಟಿವಿ ಹಾಸ್ಯದ ದೊಡ್ಡ ಹೆಸರು. ಅಧಿಕಾರಿಯಾಗಿ ‘ಹೋಗನ್ಸ್ ಹೀರೋಸ್’ ಧಾರಾವಾಹಿಯ ವರ್ನರ್ ಕ್ಲೆಂಪರರ್. ಪ್ರತಿಭೆಗೆ ಬರವಿರಲಿಲ್ಲ. ಆದರೂ ಕೋಕಾ ಹುಟ್ಟಿದ್ದು 1908ರಲ್ಲಿ, ಐರೀನ್ ರಯಾನ್ 1902ರಲ್ಲಿ. ಮಗಳಿಗಿಂತ ಆರು ವರ್ಷ ಚಿಕ್ಕ ತಾಯಿ! ವೇಷದಿಂದ ವಯಸ್ಸನ್ನು ಮುಚ್ಚಬಹುದು. ಗ್ರ್ಯಾನಿ ಬಿಟ್ಟುಹೋದ ಜಾಗ ಮುಚ್ಚಲಿಲ್ಲ. ಜೆಡ್ ಎದುರು ಸೊಂಟಕ್ಕೆ ಕೈಕೊಟ್ಟು ನಿಂತು ಜಗಳವಾಡುವ ಅತ್ತೆಗೆ ಒಂಬತ್ತು ವರ್ಷದ ಸಲಿಗೆಯ ಬಲವಿತ್ತು. ಹೊಸಬರಿಗೆ ಒಂದು ರಾತ್ರಿಯಲ್ಲಿ ಅದು ಎಲ್ಲಿಂದ ಬರಬೇಕು?

ಆದರೆ ಬಂದವರು ಯಾರು, ಬಾರದವರು ಯಾರು ಎಂಬುದರಲ್ಲೇ ಸೋಲಿನ ಇಡೀ ಕಾರಣವಿದೆ ಎಂದು ನಾನು ಒಪ್ಪುವುದಿಲ್ಲ. ಆರೂ ಜನ ಬಂದಿದ್ದರೂ ಈ ಕತೆ ನಗಿಸುತ್ತಿರಲಿಲ್ಲ. ಕ್ಲ್ಯಾಂಪೆಟ್‌ಗಳ ಹಾಸ್ಯ ಹುಟ್ಟುತ್ತಿದ್ದುದು ಅವರು ತಮ್ಮದಲ್ಲದ ಊರಲ್ಲಿ ತಮ್ಮಂತೆಯೇ ಬದುಕಿದ್ದರಿಂದ. ಚಿತ್ರ ಜೆಡ್‌ನನ್ನು ಮೊದಲೇ ಬೆಟ್ಟಕ್ಕೆ ಕಳಿಸಿಬಿಟ್ಟಿದೆ. ಅಲ್ಲಿ ಅವನ ಮಾತು, ಬಟ್ಟೆ, ಅಡುಗೆ ಯಾವುದೂ ಯಾರನ್ನೂ ಗಾಬರಿಪಡಿಸುವುದಿಲ್ಲ. ಸಿಮೆಂಟ್ ಕೆರೆ ಇಲ್ಲ, ಊಟದ ಬಿಲಿಯರ್ಡ್ಸ್ ಮೇಜು ಇಲ್ಲ, ಹಾಡುವ ಗೋಡೆ ಇಲ್ಲ. ಹಣಕ್ಕಾಗಿ ನಡುಗುವ ಬ್ಯಾಂಕರನೂ ಇಲ್ಲ. ಜೆತ್ರೋನ ಮಜಾ ಇದ್ದದ್ದು ಸಿನಿಮಾ ದೊರೆಯಾಗುವ ಕನಸಿನಲ್ಲಿ. ನಿಜವಾಗಿ ದೊರೆಯಾದ ಜೆತ್ರೋ ಮಾಮೂಲಿ ಮನುಷ್ಯ. ಎಲ್ಲಿ ಮೇ ಮನೆಯೊಳಗೆ ಕರಡಿ, ಚಿಂಪಾಂಜಿ ತಂದು ಬಿಟ್ಟಾಗ ನಗು ಬರುತ್ತಿತ್ತು. ಪ್ರಾಣಿಸಂಗ್ರಹಾಲಯದಲ್ಲಿ ಪ್ರಾಣಿ ಇದ್ದರೆ ಅದರಲ್ಲಿ ನಗಲು ಏನಿದೆ? ಬರಹಗಾರರು ಪ್ರೀತಿಯಿಂದ ಪ್ರತಿಯೊಬ್ಬರಿಗೂ ಅವರವರ ಆಸೆ ಈಡೇರಿಸಿಕೊಟ್ಟರು, ಹಾಸ್ಯ ಆ ಈಡೇರದ ಆಸೆಗಳಲ್ಲೇ ಇತ್ತು.

ಇದರ ಮೇಲೆ ಇಂಧನದ ಕತೆ. 1979ರಲ್ಲಿ ಇರಾನಿನ ಕ್ರಾಂತಿಯಿಂದ ತೈಲಬೆಲೆ ಏರಿ, ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಸರತಿ ಸಾಲು ನಿಂತಿದ್ದು ನಿಜ. ಚಿತ್ರ ಬರುವ ಹೊತ್ತಿಗೆ ಆ ಸಾಲು ಕರಗಿತ್ತು. ಅಧ್ಯಕ್ಷ ರೇಗನ್ ಅಧಿಕಾರಕ್ಕೆ ಬಂದ 1981ರ ಜನವರಿಯಲ್ಲೇ ತೈಲಬೆಲೆಯ ಮೇಲಿನ ನಿಯಂತ್ರಣ ತೆಗೆದುಹಾಕಿದ್ದರು. ಹಾಗಾಗಿ ಜೆಡ್‌ನ ಮನೆಯವರು ತಮ್ಮದಲ್ಲದ, ಆರಿಹೋಗುತ್ತಿದ್ದ ಸುದ್ದಿಯೊಂದರ ಹಿಂದೆ ಓಡಬೇಕಾಯಿತು. ಇಪ್ಪತ್ತೈದು ನಿಮಿಷದ ಕಂತಿಗೆ ಸಾಕಾಗುವ ಎಳೆಯನ್ನು ನಾಲ್ಕು ಪಟ್ಟು ಎಳೆದರೆ ಅದು ತೆಳ್ಳಗಾಗುವುದು ಸಹಜ. ಮರುಮಿಲನ ಚಿತ್ರಗಳಿಗೆ ಅಂಟಿದ ರೋಗವೇ ಇದು: ಪಾತ್ರಗಳನ್ನು ಮನೆಯೊಳಗೆ ಬಿಟ್ಟು ನೋಡುವ ಧೈರ್ಯ ಸಾಲದೆ ಗೂಢಚಾರರು, ವಿಜ್ಞಾನಿಗಳು, ಸರ್ಕಾರಿ ರಹಸ್ಯಗಳು ಕತೆಯೊಳಕ್ಕೆ ಬರುತ್ತವೆ.

ಪಾತ್ರಗಳನ್ನು ಅವರ ಸನ್ನಿವೇಶದಿಂದ ಹೊರಗೆ ತಂದರೆ ಏನಾಗುತ್ತದೆಂದು ‘ಗಿಲಿಗನ್ಸ್ ಐಲ್ಯಾಂಡ್’ ಬಳಗ ಚೆನ್ನಾಗಿ ಅರಿತಿತ್ತು. ಏಳು ಜನ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ ಆ ಧಾರಾವಾಹಿ 1967ರಲ್ಲಿ ರದ್ದಾದಾಗ ಅವರಿನ್ನೂ ಅಲ್ಲೇ ಇದ್ದರು. 1978ರ ಅಕ್ಟೋಬರ್‌ನಲ್ಲಿ ಎನ್‌ಬಿಸಿ ವಾಹಿನಿ ಎರಡು ಭಾಗಗಳಲ್ಲಿ ಹಾಕಿದ ‘ರೆಸ್ಕ್ಯೂ ಫ್ರಂ ಗಿಲಿಗನ್ಸ್ ಐಲ್ಯಾಂಡ್’ ಅವರನ್ನು ದಡ ಸೇರಿಸಿತು, ಅಪಾರ ಜನ ನೋಡಿದರು. ಆದರೆ ದಡ ಸೇರಿದವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಕೊನೆಗೆ ಎಲ್ಲರನ್ನೂ ಮತ್ತೊಂದು ದೋಣಿಗೆ ಹತ್ತಿಸಿ, ಬಿರುಗಾಳಿ ಎಬ್ಬಿಸಿ, ಅದೇ ನಡುಗಡ್ಡೆಗೆ ತಂದು ಹಾಕಿದರು. ಸಿಟ್‌ಕಾಮ್ ಎಂದರೆ ಸನ್ನಿವೇಶದ ಹಾಸ್ಯ, ಸನ್ನಿವೇಶ ಹೋದರೆ ಪಾತ್ರಗಳು ಹೋಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. 1985ರ ‘ಐ ಡ್ರೀಮ್ ಆಫ್ ಜೀನಿ... ಫಿಫ್ಟೀನ್ ಇಯರ್ಸ್ ಲೇಟರ್’ ಚಿತ್ರಕ್ಕೆ ಜಾದೂ ಬಲ್ಲ ಜೀನಿಯಾಗಿ ಬಾರ್ಬರಾ ಈಡನ್ ಬಂದರು, ಅವಳ ಗಂಡನಾಗಿದ್ದ ಲ್ಯಾರಿ ಹ್ಯಾಗ್ಮನ್ ಬರಲಿಲ್ಲ. ಅವರಾಗ ‘ಡಲ್ಲಾಸ್’ ಧಾರಾವಾಹಿಯಲ್ಲಿ ಜೆ.ಆರ್. ಪಾತ್ರ ಮಾಡುತ್ತಿದ್ದರು. ಗಂಡನ ಪಾತ್ರಕ್ಕೆ ಬೇರೆ ಮುಖ. ಜೀನಿಯ ಜಾದೂ ನಡೆಯಿತು, ಅವಳ ಜಾದೂ ನೋಡಿ ಕಂಗಾಲಾಗುವ ಆ ಮುಖ ಇರಲಿಲ್ಲ.

ಎಲ್ಲ ಮರುಮಿಲನಗಳೂ ಹೀಗೇ ಆದವೆಂದರೆ ಅನ್ಯಾಯವಾದೀತು. 1986ರ ಏಪ್ರಿಲ್ 13ರಂದು ಎನ್‌ಬಿಸಿಯಲ್ಲಿ ಬಂದ ‘ರಿಟರ್ನ್ ಟು ಮೇಬೆರಿ’ ಆ ವರ್ಷದ ಟಿವಿ ಚಿತ್ರಗಳಲ್ಲೇ ಹೆಚ್ಚು ಜನ ನೋಡಿದ್ದು, ಮೆಚ್ಚಿಕೊಂಡದ್ದೂ ಹೌದು. 1960ರಿಂದ 1968ರವರೆಗೆ ನಡೆದ ‘ದಿ ಆಂಡಿ ಗ್ರಿಫಿತ್ ಷೋ’ ಧಾರಾವಾಹಿಯ ಶೆರಿಫ್, ಎಂದರೆ ಪೊಲೀಸ್ ಮುಖ್ಯಸ್ಥ, ಆಂಡಿ ತನ್ನ ಹಳೆಯ ಊರು ಮೇಬೆರಿಗೆ ಮರಳುತ್ತಾನೆ. ಮಗ ಓಪಿ ಅಪ್ಪನಾಗುತ್ತಿದ್ದಾನೆ. ಓಪಿಯಾಗಿ ಬಾಲ್ಯ ಕಳೆದ ರಾನ್ ಹೊವಾರ್ಡ್ ಆಗಲೇ ಹೆಸರಾದ ಚಿತ್ರ ನಿರ್ದೇಶಕರು, ಆದರೂ ಬಂದರು. ಆಂಡಿಯ ಸೋದರತ್ತೆ ಆಂಟ್ ಬೀ ಪಾತ್ರ ಮಾಡಿದ್ದ ಫ್ರಾನ್ಸಿಸ್ ಬೇವಿಯರ್ ಬರಲಿಲ್ಲ, ಚಿತ್ರದವರು ಬೇರೆ ನಟಿಯನ್ನು ಆ ಜಾಗದಲ್ಲಿ ನಿಲ್ಲಿಸದೆ ಆಂಡಿ ಅವಳ ಸಮಾಧಿಗೆ ಹೋಗುವಂತೆ ಮಾಡಿದರು. ಶೆರಿಫ್ ಚುನಾವಣೆಗೆ ನಿಲ್ಲಬೇಕೆಂದು ಬಂದ ಆಂಡಿಗೆ ಹಳೆಯ ಗೆಳೆಯ ಬಾರ್ನಿಯೂ ಅದೇ ಹುದ್ದೆಗೆ ನಿಂತಿರುವುದು ತಿಳಿಯುತ್ತದೆ, ಏನು ಮಾಡುವುದು ಎಂಬ ಸಂಕಟ ಅವನದು. ಗಮನಿಸಿ, ಇಲ್ಲಿ ಕಳೆದ ವರ್ಷಗಳೇ ಕತೆ. ಊರು ಹಾಗೇ ಇದೆ, ಜನರ ವಯಸ್ಸು ಸರಿದಿದೆ, ಆ ಎರಡರ ನಡುವೆ ನಗುವೂ ಕಣ್ಣೀರೂ ಬರುತ್ತವೆ. ಕ್ಲ್ಯಾಂಪೆಟ್‌ಗಳಿಗೆ ಹೆನ್ನಿಂಗ್ ಇಂಥದ್ದೊಂದು ಕತೆ ಬರೆದಿದ್ದರೆ? ಗ್ರ್ಯಾನಿಯಿಲ್ಲದ ಅಡುಗೆಮನೆಯಲ್ಲಿ, ಆ ಅರಮನೆಯಲ್ಲೇ ವಯಸ್ಸಾದ ಜೆಡ್ ಇದ್ದಿದ್ದರೆ? ಅಂಥ ಚಿತ್ರವನ್ನು ನಾನು ಆಸೆಯಿಂದ ನೋಡುತ್ತಿದ್ದೆ.

ಕತೆಯಿರುವ ಮರುಮಿಲನ ಚಿತ್ರ ಈಗ ಅಪರೂಪ. ಅದರ ಜಾಗದಲ್ಲಿ ರಿಯೂನಿಯನ್ ಸ್ಪೆಷಲ್ ಬಂದಿದೆ. 2021ರ ಮೇ ತಿಂಗಳಲ್ಲಿ ಬಂದ ‘ಫ್ರೆಂಡ್ಸ್: ದಿ ರಿಯೂನಿಯನ್’ ಅಂಥದ್ದು. ಅಲ್ಲಿ ಆರು ನಟರು ತಾವು ತಾವಾಗಿಯೇ ಹಳೆಯ ಸೆಟ್ಟಿಗೆ ಬಂದು ಹಳೆಯ ದಿನಗಳ ಮಾತಾಡುತ್ತಾರೆ, ಪಾತ್ರಗಳನ್ನು ಅವುಗಳ ಪಾಡಿಗೆ ಬಿಡುತ್ತಾರೆ. ಬೆವರ್ಲಿ ಹಿಲ್‌ಬಿಲ್ಲೀಸ್ ಬಳಗಕ್ಕೂ 1993ರಲ್ಲಿ ಸಿಬಿಎಸ್ ಇಂಥದೇ ನೆನಪಿನ ಕಾರ್ಯಕ್ರಮ ಮಾಡಿತು. ಅಷ್ಟರಲ್ಲಿ ನ್ಯಾನ್ಸಿ ಕಲ್ಪ್ ಕೂಡ ಇರಲಿಲ್ಲ, 1991ರಲ್ಲಿ ತೀರಿಕೊಂಡಿದ್ದರು. ಉಳಿದಿದ್ದ ಮೂವರು, ಎಬ್ಸೆನ್, ಡಗ್ಲಾಸ್ ಮತ್ತು 1981ರಲ್ಲಿ ಒಲ್ಲೆನೆಂದಿದ್ದ ಮ್ಯಾಕ್ಸ್ ಬೇರ್, ಮೂವರೂ ಬಂದರು.

1981ರ ಚಿತ್ರವನ್ನು ಕುತೂಹಲಕ್ಕೆ ನೋಡುವವರು ಮೊದಲು ಮೂಲವನ್ನು ನೋಡಲಿ. ಅಮೆರಿಕದಲ್ಲಿ ಮೊದಲ 55 ಕಂತುಗಳ ಹಕ್ಕುಸ್ವಾಮ್ಯ ನವೀಕರಣವಾಗದೆ ಸಾರ್ವಜನಿಕ ಸ್ವತ್ತಾಗಿವೆ, ಹಾಗಾಗಿ ಹುಡುಕಿದರೆ ಸಿಗುತ್ತವೆ. 1964ರ ಜನವರಿ 8ರಂದು ಬಂದ ‘ದಿ ಜೈಂಟ್ ಜಾಕ್‌ರ‍್ಯಾಬಿಟ್’ ಅವುಗಳಲ್ಲೊಂದು. ಅದರಲ್ಲಿ ಗ್ರ್ಯಾನಿ ಕಾಂಗರೂ ಕಂಡು ಆಳೆತ್ತರದ ಮೊಲ ಎನ್ನುತ್ತಾಳೆ, ಮನೆಯವರು ಯಾರೂ ನಂಬುವುದಿಲ್ಲ, ಐರೀನ್ ರಯಾನ್ ಒಬ್ಬರೇ ಅರ್ಧ ಗಂಟೆಯನ್ನು ಹೊತ್ತು ನಡೆಸುತ್ತಾರೆ.