ಫೋಕ್ಸ್‌ವ್ಯಾಗನ್: ಹೆಸರು ಕಟ್ಟಿದವರು ಒಬ್ಬರು, ಕೆಡಿಸಿದವರು ಇನ್ನೊಬ್ಬರು

ವಾರಕ್ಕೆ 5 ಮಾರ್ಕ್ ಕಟ್ಟಬೇಕು. ಕಟ್ಟಿದರೆ ಒಂದು ಸ್ಟಾಂಪು ಕೊಡುತ್ತಾರೆ. ಅದನ್ನು ಪುಸ್ತಕಕ್ಕೆ ಅಂಟಿಸಬೇಕು. ಪುಸ್ತಕಗಳು ತುಂಬಿದ ಮೇಲೆ 990 ಮಾರ್ಕಿನ ಕಾರು ಮನೆಗೆ ಬರುತ್ತದೆ. 1938ರಲ್ಲಿ ನಾಜಿ ಸರ್ಕಾರ ಜರ್ಮನಿಯ ಕೆಲಸಗಾರರಿಗೆ ತೋರಿಸಿದ ಆಸೆ ಇದು. ನಮ್ಮ ಕಡೆಯ ಚೀಟಿ ವ್ಯವಹಾರ ಇದ್ದ ಹಾಗೆ, ಅಲ್ವಾ? ಆದರೆ ಈ ಚೀಟಿಯನ್ನು ಎತ್ತಿದವರು ಒಬ್ಬರೂ ಇಲ್ಲ. ಸುಮಾರು 3 ಲಕ್ಷ 36 ಸಾವಿರ ಜನ ದುಡ್ಡು ಕಟ್ಟಿದರು. ಒಬ್ಬರಿಗೂ ಕಾರು ಸಿಗಲಿಲ್ಲ. ಬಡ್ಡಿಯಂತೂ ಮೊದಲೇ ಇರಲಿಲ್ಲ.

ಫೋಕ್ಸ್‌ವ್ಯಾಗನ್ ಅಂದರೆ 'ಜನರ ಕಾರು'. ಈ ಕಂಪನಿಯ ಚರಿತ್ರೆ ಓದುತ್ತಾ ಹೋದ ಹಾಗೆ ನನಗೆ ಒಂದು ವಿಚಿತ್ರ ಕಾಣಿಸುತ್ತದೆ. ಇದಕ್ಕೆ ಒಳ್ಳೆಯ ಹೆಸರು ಬಂದಾಗಲೆಲ್ಲ ಹೆಚ್ಚಾಗಿ ಅದನ್ನು ತಂದುಕೊಟ್ಟವರು ಹೊರಗಿನವರು. ಕೆಟ್ಟ ಹೆಸರು ಬಂದಾಗಲೆಲ್ಲ ಅದು ಮನೆಯೊಳಗಿನವರದೇ ಕೆಲಸ.

ಹುಟ್ಟಿನಿಂದಲೇ ನೋಡಿ. ಸಣ್ಣ, ಅಗ್ಗದ ಕಾರಿನ ಯೋಚನೆ ಹಿಟ್ಲರನದಲ್ಲ. ಯೋಸೆಫ್ ಗಾಂಟ್ಸ್ ಎಂಬ ಯಹೂದಿ ಎಂಜಿನಿಯರ್ 1930ರ ಆಸುಪಾಸಿನಲ್ಲೇ ಅಂಥ ಕಾರಿನ ಬೆನ್ನು ಹತ್ತಿದ್ದರು. ತಾವೇ ಸಂಪಾದಕರಾಗಿದ್ದ ಪತ್ರಿಕೆಯಲ್ಲಿ ದೊಡ್ಡ ಕಂಪನಿಗಳನ್ನು ಬೈಯುತ್ತಿದ್ದರು. ಮಾದರಿ ಕಾರು ಮಾಡಿ ಓಡಿಸಿಯೂ ತೋರಿಸಿದ್ದರು. ನಾಜಿಗಳು ಬಂದ ಮೇಲೆ ಅವರು ದೇಶ ಬಿಟ್ಟು ಓಡಬೇಕಾಯಿತು. ಅತ್ತ ಚೆಕೋಸ್ಲೊವಾಕಿಯಾದ ಟಾಟ್ರಾ ಕಂಪನಿಯಲ್ಲಿ ಹಾನ್ಸ್ ಲೆಡ್ವಿಂಕಾ ಕೂಡ ಹಿಂದೆ ಎಂಜಿನ್ ಇಟ್ಟು, ಗಾಳಿಯಿಂದ ತಣ್ಣಗಾಗುವ ಕಾರು ಮಾಡುತ್ತಿದ್ದರು. ಸರ್ಕಾರದ ಕೆಲಸ ಸಿಕ್ಕಿದ್ದು ಫರ್ಡಿನಾಂಡ್ ಪೋರ್ಷೆಗೆ. ಪೋರ್ಷೆ ದೊಡ್ಡ ಎಂಜಿನಿಯರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರೆಯವರ ಕೆಲಸದ ಮೇಲೂ ಅವರ ಕಣ್ಣಿತ್ತು. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಫೋಕ್ಸ್‌ವ್ಯಾಗನ್ ಟಾಟ್ರಾ ಕಡೆಯವರಿಗೆ ದುಡ್ಡು ಕೊಟ್ಟು ಆ ವ್ಯಾಜ್ಯ ಮುಗಿಸಿಕೊಂಡಿತು.

ಕಂಪನಿ ಶುರುವಾದದ್ದು 1937ರ ಮೇ ತಿಂಗಳಲ್ಲಿ. ಮರುವರ್ಷ ಫಾಲರ್ಸ್‌ಲೇಬನ್ ಎಂಬ ಊರಿನ ಪಕ್ಕದ ಬಯಲಿನಲ್ಲಿ ಹಿಟ್ಲರ್ ಕಾರ್ಖಾನೆಗೆ ಅಡಿಗಲ್ಲು ಹಾಕಿದ. ಬಂಡವಾಳ ಎಲ್ಲಿಂದ ಬಂತು? ನಾಜಿಗಳು 1933ರಲ್ಲಿ ಕಾರ್ಮಿಕ ಸಂಘಗಳನ್ನೆಲ್ಲ ಮುಚ್ಚಿಸಿ ಅವುಗಳ ಆಸ್ತಿ ಕಿತ್ತುಕೊಂಡಿದ್ದರು. ಆ ದುಡ್ಡೂ ಇದಕ್ಕೆ ಹೋಯಿತು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಇವತ್ತಿಗೂ ಈ ಕಂಪನಿಯಲ್ಲಿ ಕಾರ್ಮಿಕ ಸಂಘಕ್ಕೆ ಇರುವ ಜೋರಿನ ಬೇರು ಅಲ್ಲಿದೆ. ಕಾರ್ಖಾನೆ ನಮ್ಮ ದುಡ್ಡಿನದು ಎಂಬ ಭಾವನೆ ಅವರಿಗೆ ಇದೆ, ಮತ್ತು ಅದು ಸುಳ್ಳೇನೂ ಅಲ್ಲ.

1939ರಲ್ಲಿ ಯುದ್ಧ ಶುರುವಾಯಿತು. ಜನರ ಕಾರು ಮೂಲೆಗೆ ಬಿತ್ತು, ಸೈನ್ಯದ ಜೀಪಿನಂಥ ಗಾಡಿಗಳು, ಬಾಂಬಿನ ಭಾಗಗಳು ಹೊರಬರತೊಡಗಿದವು. ಅದನ್ನು ಮಾಡಿದ ಕೈಗಳು ಯಾರವು? ಸುಮಾರು 20 ಸಾವಿರ ಜನರನ್ನು ಬಲವಂತವಾಗಿ ದುಡಿಸಿದರು. ಪೋಲೆಂಡ್, ಸೋವಿಯತ್ ಒಕ್ಕೂಟ, ಫ್ರಾನ್ಸ್‌ಗಳಿಂದ ಎಳೆದುತಂದವರು, ಯುದ್ಧ ಕೈದಿಗಳು, ಯಾತನಾ ಶಿಬಿರಗಳಿಂದ ತಂದ ಯಹೂದಿಗಳು. ಪೂರ್ವ ಯುರೋಪಿನ ಹೆಂಗಸರು ಹೆತ್ತರೆ ಕೂಸನ್ನು ಕಿತ್ತುಕೊಂಡು ಕಂಪನಿಯ 'ಶಿಶುಗೃಹ'ಕ್ಕೆ ಹಾಕುತ್ತಿದ್ದರು. ರ‍್ಯೂಯೆನ್ ಎಂಬ ಹಳ್ಳಿಯಲ್ಲಿದ್ದ ಆ ಮನೆಯಲ್ಲಿ ಆರೈಕೆ ಇಲ್ಲದೆ 300ಕ್ಕೂ ಹೆಚ್ಚು ಮಕ್ಕಳು ಸತ್ತವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅಲ್ಲಿನ ಡಾಕ್ಟರನ್ನು ಗಲ್ಲಿಗೇರಿಸಿದರು.

ಕಂಪನಿ ಈ ವಿಷಯಕ್ಕೆ ಬಾಯಿ ಬಿಡಲು ನಾಲ್ಕು ದಶಕ ಹಿಡಿಯಿತು. 1986ರಲ್ಲಿ ಹಾನ್ಸ್ ಮೊಮ್ಸೆನ್ ಎಂಬ ಇತಿಹಾಸಕಾರರಿಗೆ ಕಡತಗಳನ್ನು ತೆರೆದುಕೊಟ್ಟಿತು. ಬಲವಂತದ ದುಡಿಮೆಗೆ ಸಿಕ್ಕವರಿಗೆ 2 ಕೋಟಿ ಮಾರ್ಕಿನ ನಿಧಿ ಇಟ್ಟದ್ದು 1998ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಬದುಕಿ ಉಳಿದವರು ಎಷ್ಟು ಮಂದಿ?

ಸ್ಟಾಂಪು ಅಂಟಿಸಿದವರ ಕತೆಯೂ ಹೀಗೆಯೇ ಎಳೆಯಿತು. ಬರ್ಲಿನ್ ಬ್ಯಾಂಕಿನಲ್ಲಿದ್ದ ಅವರ ದುಡ್ಡು ಸೋವಿಯತ್ ಸೈನ್ಯದ ಪಾಲಾಗಿತ್ತು. ನಾವು ಆ ಹಳೆಯ ಸಂಸ್ಥೆಯಲ್ಲ ಎಂದು ಕಂಪನಿ ವಾದಿಸಿತು. ಕೋರ್ಟು ಕಚೇರಿ ಅಲೆದಾಟದ ನಂತರ 1961ರಲ್ಲಿ ರಾಜಿ ಆಯಿತು. ಹೊಸ ಕಾರು ಕೊಂಡರೆ ಹೆಚ್ಚೆಂದರೆ 600 ಮಾರ್ಕ್ ಕಡಿಮೆ, ಇಲ್ಲವಾದರೆ ಕೈಗೆ 100 ಮಾರ್ಕ್. ಅಷ್ಟೇ.

ಇನ್ನು ಹೊರಗಿನವರ ವಿಷಯ. 1945ರಲ್ಲಿ ಆ ಜಾಗ ಬ್ರಿಟಿಷರ ಕೈಗೆ ಬಂತು. ಊರಿಗೆ ವೊಲ್ಫ್ಸ್‌ಬುರ್ಗ್ ಎಂದು ಹೊಸ ಹೆಸರಿಟ್ಟರು. ಕಾರ್ಖಾನೆ ಬಾಂಬ್ ಬಿದ್ದು ಸೀಳಿತ್ತು. ಮಳೆ ಬಂದರೆ ಸೂರು ಸೋರಿ ಕೆಲಸ ನಿಲ್ಲುತ್ತಿತ್ತು. ಉಳಿದ ಯಂತ್ರಗಳನ್ನು ಕಳಚಿ ಸಾಗಿಸುವ ಮಾತು ನಡೆದಿತ್ತು. ಅಲ್ಲಿಗೆ ಬಂದ ಮೇಜರ್ ಐವನ್ ಹರ್ಸ್ಟ್‌ಗೆ ಆಗ 29 ವರ್ಷ. ಆತ ಅಲ್ಲಿದ್ದ ಒಂದು ಹಳೆಯ ಕಾರಿಗೆ ಸೈನ್ಯದ ಬಣ್ಣ ಹೊಡೆಸಿ ಮೇಲಧಿಕಾರಿಗಳಿಗೆ ಕಳಿಸಿಕೊಟ್ಟ. ಬ್ರಿಟಿಷ್ ಸೈನ್ಯಕ್ಕೂ ಓಡಾಡಲು ಗಾಡಿಗಳ ಕೊರತೆ ಇತ್ತು. 20 ಸಾವಿರ ಕಾರಿಗೆ ಆರ್ಡರ್ ಬಂತು. ಆ ಆರ್ಡರ್ ಬರದಿದ್ದರೆ ಇವತ್ತು ಫೋಕ್ಸ್‌ವ್ಯಾಗನ್ ಬಗ್ಗೆ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಹರ್ಸ್ಟ್ ಕಾರು ಮಾಡಿಸಿದ್ದಷ್ಟೇ ಅಲ್ಲ, ಮಾರಿದ ಮೇಲೆ ರಿಪೇರಿಗೆ ಏನು ವ್ಯವಸ್ಥೆ ಎಂದೂ ಯೋಚಿಸಿದ. ತಪಾಸಣೆ ಬಿಗಿ ಮಾಡಿದ. 'ಜರ್ಮನ್ ಕಾರು ಗಟ್ಟಿ' ಎಂದು ನಾವು ಹೇಳುವಾಗ ಈ ಇಂಗ್ಲಿಷ್ ಮೇಜರನ ಪಾಲೂ ಅದರಲ್ಲಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ತಮಾಷೆ ಎಂದರೆ, ಬ್ರಿಟನ್ನಿನ ಕಾರು ಕಂಪನಿಗಳವರು ಇದೇ ಕಾರನ್ನು ಪರೀಕ್ಷೆ ಮಾಡಿ, ಇದು ಕೊಳ್ಳುವವರ ಮನಸ್ಸಿಗೆ ಹಿಡಿಯುವ ಮಾಲಲ್ಲ ಎಂದು ಮೂಗು ಮುರಿದಿದ್ದರು. ಫೋರ್ಡ್ ಕೂಡ ಕಾರ್ಖಾನೆ ಬೇಡ ಎಂದಿತು. 1948ರಲ್ಲಿ ಹೈನ್ರಿಶ್ ನೋರ್ಡ್‌ಹೋಫ್ ಉಸ್ತುವಾರಿ ವಹಿಸಿಕೊಂಡರು. ಮರುವರ್ಷ ಬ್ರಿಟಿಷರು ಕಾರ್ಖಾನೆಯನ್ನು ಜರ್ಮನರಿಗೇ ಬಿಟ್ಟುಕೊಟ್ಟು ಹೊರಟರು. ಮುಂದೆ ಬೀಟಲ್ ಎಂದು ಹೆಸರಾದ ಈ ಕಾರುಗಳಲ್ಲಿ ಹತ್ತು ಲಕ್ಷನೆಯದು 1955ರ ಆಗಸ್ಟ್‌ನಲ್ಲಿ ಹೊರಬಂತು.

ಆ ಪುಟ್ಟ ಕಾರನ್ನು ದೇಶದಾಚೆ ದಾಟಿಸಿದ್ದು ಬೆನ್ ಪೋನ್ ಎಂಬ ಡಚ್ ವ್ಯಾಪಾರಿ. ಇವರು 1947ರಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿದ ಡಬ್ಬಿಯಂಥ ಚಿತ್ರವೇ ಮುಂದೆ ಆ ಪ್ರಸಿದ್ಧ ವ್ಯಾನ್ ಆಯಿತು. 1949ರಲ್ಲಿ ಪೋನ್ ಬೀಟಲ್ ಹಿಡಿದು ಅಮೆರಿಕಕ್ಕೆ ಹೋದರು. ಆ ವರ್ಷ ಅಲ್ಲಿ ಮಾರಾಟವಾದದ್ದು ಎರಡೇ ಎರಡು! ಹಿಟ್ಲರನ ಕಾರು ಯಾರಿಗೆ ಬೇಕಿತ್ತು? ಹತ್ತು ವರ್ಷದ ನಂತರ ನ್ಯೂಯಾರ್ಕಿನ ಒಂದು ಜಾಹೀರಾತು ಸಂಸ್ಥೆ ಆ ಗುರುತು ಅಳಿಸಿತು. ಅದರ ಮುಖ್ಯಸ್ಥ ಬಿಲ್ ಬರ್ನ್‌ಬಾಕ್ ಯಹೂದಿ. ದೊಡ್ಡ ಖಾಲಿ ಪುಟ, ಅದರ ಮೂಲೆಯಲ್ಲಿ ಪುಟಾಣಿ ಕಾರು. ಚಿಕ್ಕದಿದೆ, ಕುರೂಪವಾಗಿದೆ, ಹೌದು ಸ್ವಾಮಿ, ಆದರೆ ಕೈಕೊಡುವುದಿಲ್ಲ ಎಂಬ ಧಾಟಿ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಫೋಕ್ಸ್‌ವ್ಯಾಗನ್‌ಗಳು ಹೋಗುತ್ತಿದ್ದವು. ಪ್ರಾಮಾಣಿಕ ಕಾರು ಎಂಬ ಬಿರುದು ಅಂಟಿದ್ದು ಆಗಲೇ.

1972ರಲ್ಲಿ ಬೀಟಲ್, ಅತಿ ಹೆಚ್ಚು ತಯಾರಾದ ಕಾರು ಎಂಬ ಫೋರ್ಡ್‌ನ ಮಾಡೆಲ್ ಟಿ ದಾಖಲೆ ಮುರಿಯಿತು. ಕೊನೆಯ ಬೀಟಲ್ 2003ರ ಜುಲೈಯಲ್ಲಿ ಮೆಕ್ಸಿಕೋದ ಪುಎಬ್ಲಾದಲ್ಲಿ ತಯಾರಾಯಿತು. ಒಟ್ಟು ಲೆಕ್ಕ 2 ಕೋಟಿ 15 ಲಕ್ಷಕ್ಕೂ ಜಾಸ್ತಿ. ಆದರೆ ಒಂದೇ ಕಾರನ್ನು ನೆಚ್ಚಿಕೊಂಡದ್ದು ಕಂಪನಿಯನ್ನು ಮುಳುಗಿಸುವ ಮಟ್ಟಕ್ಕೂ ತಂದಿತ್ತು. 1974ರಲ್ಲಿ 80 ಕೋಟಿ ಮಾರ್ಕಿಗೂ ಹೆಚ್ಚು ನಷ್ಟ. ಅದೇ ವರ್ಷ ಬಂದ ಗಾಲ್ಫ್ ಎಂಬ ಹೊಸ ಕಾರು ಅದನ್ನು ದಡ ಸೇರಿಸಿತು. ಇಂಥ ಕಾರು ಮಾಡುವ ವಿದ್ಯೆ ಬಂದದ್ದು ಹೆಚ್ಚಾಗಿ 1960ರ ದಶಕದಲ್ಲಿ ಕೊಂಡಿದ್ದ ಆಡಿಯಿಂದ. ಮುಂದೆ ಸ್ಕೋಡಾ, ಬೆಂಟ್ಲಿ, ಲ್ಯಾಂಬೋರ್ಗಿನಿ, ಬುಗಾಟಿ, ಕೊನೆಗೆ ಪೋರ್ಷೆ ಎಲ್ಲವೂ ಒಂದೇ ಛಾವಣಿಯ ಕೆಳಗೆ ಬಂದವು.

ಆ ಛಾವಣಿಯ ಒಳಗೆ ಇರುವವರು ಯಾರು ಎಂಬುದು ಮುಖ್ಯ. ಹೆಚ್ಚಿನ ಮತಗಳು ಪೋರ್ಷೆ ಮತ್ತು ಪೀಯೆಕ್ ಕುಟುಂಬದ ಕೈಯಲ್ಲಿವೆ, ಅಂದರೆ ಹಳೆಯ ಫರ್ಡಿನಾಂಡ್ ಪೋರ್ಷೆಯ ಮೊಮ್ಮಕ್ಕಳು ಮರಿಮಕ್ಕಳ ಕೈಯಲ್ಲಿ. ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರಕ್ಕೆ 20% ಮತ. ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕಾರ್ಮಿಕರದು. ಕುಟುಂಬಕ್ಕೆ ಸಾಮ್ರಾಜ್ಯ ಬೇಕು, ಸರ್ಕಾರಕ್ಕೆ ಮತದಾರರ ಕೆಲಸ ಉಳಿಯಬೇಕು, ಸಂಘಕ್ಕೂ ಅದೇ ಬೇಕು. ಪ್ರಶ್ನೆ ಕೇಳುವ ಕೆಲಸ ಯಾರದು? 2005ರಲ್ಲಿ ಒಂದು ಹಗರಣ ಹೊರಬಿತ್ತು. ಕಾರ್ಮಿಕ ಮುಖಂಡರನ್ನು ಖುಷಿಯಾಗಿಡಲು ಕಂಪನಿ ಮೋಜಿನ ಪ್ರವಾಸಗಳಿಗೆ ದುಡ್ಡು ಸುರಿದಿತ್ತು. ಸಿಬ್ಬಂದಿ ವಿಭಾಗದ ನಿರ್ದೇಶಕ ಪೀಟರ್ ಹಾರ್ಟ್ಸ್‌ಗೆ 2007ರಲ್ಲಿ ಶಿಕ್ಷೆಯಾಯಿತು. ಇದೇ ಗಲಾಟೆಯ ಒಂದು ತುಂಡು ನಮ್ಮ ಪಕ್ಕದ ಮನೆಗೂ ಬಂದಿತ್ತು. ವಿಶಾಖಪಟ್ಟಣದಲ್ಲಿ ಕಾರ್ಖಾನೆ ಬರುತ್ತದೆ ಎಂದು ನಂಬಿ ಆಂಧ್ರ ಸರ್ಕಾರ ಒಂದು ಸಂಸ್ಥೆಗೆ 11 ಕೋಟಿ ರೂಪಾಯಿ ಕೊಟ್ಟಿತು. ಆ ಸಂಸ್ಥೆ ಫೋಕ್ಸ್‌ವ್ಯಾಗನ್‌ನದೇ ಆಗಿರಲಿಲ್ಲ. ಕಾರ್ಖಾನೆ ಹೋಗಿದ್ದು ಪುಣೆ ಹತ್ತಿರದ ಚಾಕಣಕ್ಕೆ.

ಇನ್ನು ಡೀಸೆಲ್ ಹಗರಣ. 2018ರ ಒಳಗೆ ಜಗತ್ತಿನ ನಂಬರ್ ಒನ್ ಆಗಬೇಕು ಎಂಬುದು ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕೋರ್ನ್ ಅವರ ಗುರಿ. ಅದಕ್ಕೆ ಅಮೆರಿಕದಲ್ಲಿ ಗೆಲ್ಲಬೇಕು. ಕೈಯಲ್ಲಿದ್ದದ್ದು ಡೀಸೆಲ್ ಎಂಜಿನ್. ಡೀಸೆಲ್ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳು ಜಾಸ್ತಿ, ಅವು ಶ್ವಾಸಕೋಶಕ್ಕೆ ಕೆಟ್ಟದ್ದು. ಅಮೆರಿಕದ ಮಿತಿ ಯುರೋಪಿಗಿಂತ ಬಿಗಿ. ಅದನ್ನು ಪಾಲಿಸಬೇಕಾದರೆ ಇಂಧನ ಜಾಸ್ತಿ ಖರ್ಚಾಗಬೇಕು, ಇಲ್ಲವೇ ಯೂರಿಯಾ ದ್ರಾವಣದ ಟ್ಯಾಂಕು, ಅದರ ಖರ್ಚು, ಮತ್ತೆ ಮತ್ತೆ ತುಂಬಿಸುವ ರಗಳೆ. ಎಂಜಿನಿಯರುಗಳು ಕಂಡುಕೊಂಡ ದಾರಿ ಬೇರೆ. ಪರೀಕ್ಷೆ ನಡೆಯುವಾಗ ಕಾರು ರೋಲರುಗಳ ಮೇಲೆ ನಿಂತಿರುತ್ತದೆ. ಚಕ್ರ ತಿರುಗುತ್ತವೆ, ಸ್ಟೀರಿಂಗ್ ತಿರುಗುವುದಿಲ್ಲ. ವೇಗ ಯಾವಾಗ ಏರಬೇಕು, ಇಳಿಯಬೇಕು ಎಂಬುದೂ ಮೊದಲೇ ಗೊತ್ತು. ಇದನ್ನು ನೋಡಿ ಕಾರಿನ ಸಾಫ್ಟ್‌ವೇರ್ 'ಓಹೋ, ಪರೀಕ್ಷೆ' ಎಂದು ತಿಳಿದುಕೊಂಡು ಹೊಗೆ ಶುದ್ಧ ಮಾಡುತ್ತಿತ್ತು. ರಸ್ತೆಗೆ ಇಳಿದ ಕೂಡಲೇ ಬಿಟ್ಟುಬಿಡುತ್ತಿತ್ತು. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಶಿಸ್ತಾಗಿ ಕೂರುವ ಸ್ಕೂಲಿನ ಹಾಗೆ.

ಈ ಎಂಜಿನ್ನಿನ ನಿಯಂತ್ರಣ ಘಟಕ ಒದಗಿಸಿದ್ದು ಬಾಷ್. ಬೆಂಗಳೂರಿನವರು ಇವತ್ತಿಗೂ 'ಮೈಕೋ' ಎನ್ನುತ್ತಾರಲ್ಲ, ಆಡುಗೋಡಿಯಲ್ಲಿ ದಶಕಗಟ್ಟಲೆ ಡೀಸೆಲ್ ಪಂಪು ಮಾಡಿದ್ದು, ಅದರ ಮೂಲ ಕಂಪನಿ. ಮೇಲ್ವಿಚಾರಣೆಯಲ್ಲಿ ತಪ್ಪಿದ್ದಕ್ಕೆ 2019ರಲ್ಲಿ ಜರ್ಮನಿಯಲ್ಲಿ ಅದಕ್ಕೆ 9 ಕೋಟಿ ಯೂರೋ ದಂಡ ಬಿತ್ತು.

ಮೋಸ ಹಿಡಿದವರು ಯಾರು? ಮತ್ತೆ ಹೊರಗಿನವರೇ. ಡೀಸೆಲ್ ಸ್ವಚ್ಛವಾಗಿಯೂ ಓಡಬಲ್ಲದು ಎಂದು ಅಮೆರಿಕದ ಉದಾಹರಣೆ ಕೊಟ್ಟು ಯುರೋಪಿಗೆ ತೋರಿಸಬೇಕು ಎಂದು ಒಂದು ಪರಿಸರ ಸಂಸ್ಥೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ಪ್ರಯೋಗಾಲಯಕ್ಕೆ ಕೆಲಸ ಕೊಟ್ಟಿತು. ಡ್ಯಾನ್ ಕಾರ್ಡರ್ ಅದರ ಮುಖ್ಯಸ್ಥ. ರಸ್ತೆಗಿಳಿದ ತಂಡದಲ್ಲಿದ್ದವರು ಮಾರ್ಕ್ ಬೆಶ್, ಅರವಿಂದ್ ತಿರುವೆಂಗಡಂ ಮತ್ತು ಹೇಮಂತ್ ಕಪ್ಪಣ್ಣ. ಕೊನೆಯ ಹೆಸರು ಕೇಳಿದೊಡನೆ ಕನ್ನಡದ ಕಿವಿ ನಿಮಿರುತ್ತದೆ, ಅಲ್ವಾ? ಕಾರಿನ ಡಿಕ್ಕಿಯಲ್ಲಿ ಹೊಗೆ ಅಳೆಯುವ ಯಂತ್ರ, ಅದಕ್ಕೆ ಕರೆಂಟು ಕೊಡಲು ಒಂದು ಪುಟ್ಟ ಜನರೇಟರ್. ಅದು ದಾರಿಯಲ್ಲಿ ಕೆಡುತ್ತಿತ್ತು. ಆದರೂ ಫೋಕ್ಸ್‌ವ್ಯಾಗನ್‌ನ ಪಸಾಟ್ ಕಾರನ್ನು ಲಾಸ್ ಏಂಜಲಿಸ್‌ನಿಂದ ಸಿಯಾಟಲ್‌ವರೆಗೆ ಓಡಿಸಿಕೊಂಡು ಹೋಗಿ ಬಂದರು. ಜೆಟ್ಟಾ ಕಾರಿನ ಹೊಗೆ ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್‌ದು 5ರಿಂದ 20 ಪಟ್ಟು. ಜೊತೆಗೆ ಪರೀಕ್ಷಿಸಿದ ಬಿಎಂಡಬ್ಲ್ಯು ಹೆಚ್ಚುಕಡಿಮೆ ಮಿತಿಯೊಳಗೇ ಇತ್ತು. ಯಂತ್ರವೇ ತಪ್ಪಿರಬೇಕು ಎಂದು ಮೊದಲು ಅವರಿಗೇ ಅನುಮಾನ ಬಂದಿತ್ತು.

2014ರಲ್ಲಿ ಈ ಅಂಕಿಗಳು ಹೊರಬಂದವು. ಕಂಪನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕುಂಟು ನೆಪ ಹೇಳಿತು. ಹೊಸ ಮಾದರಿಗಳಿಗೆ ಅನುಮತಿ ಇಲ್ಲ ಎಂದು ಅಮೆರಿಕ ಪಟ್ಟು ಹಿಡಿದ ಮೇಲೆ ಬಾಯಿಬಿಟ್ಟಿತು. 2015ರ ಸೆಪ್ಟೆಂಬರ್ 18ಕ್ಕೆ ಜಗತ್ತಿಗೆ ಸುದ್ದಿ. ಐದೇ ದಿನಕ್ಕೆ ವಿಂಟರ್‌ಕೋರ್ನ್ ರಾಜೀನಾಮೆ. ಒಟ್ಟು 1 ಕೋಟಿ 10 ಲಕ್ಷ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ದಂಡ, ಪರಿಹಾರ ಎಲ್ಲ ಸೇರಿ ಕಂಪನಿಗೆ 30 ಬಿಲಿಯನ್ ಯೂರೋಗೂ ಹೆಚ್ಚು ಖರ್ಚಾಯಿತು. ಆಡಿಯ ಹಿಂದಿನ ಮುಖ್ಯಸ್ಥ ರೂಪರ್ಟ್ ಸ್ಟಾಡ್ಲರ್‌ಗೆ 2023ರಲ್ಲಿ ಶಿಕ್ಷೆಯಾಯಿತು, ಆದರೆ ಅದನ್ನು ಅಮಾನತಿನಲ್ಲಿ ಇಟ್ಟದ್ದರಿಂದ ಜೈಲು ತಪ್ಪಿತು. ಅಮೆರಿಕದಲ್ಲಿ ಸಿಕ್ಕಿಬಿದ್ದ ಕೆಳಹಂತದ ಇಬ್ಬರು ಮಾತ್ರ ಬಹಳ ಮೊದಲೇ ಕಂಬಿ ಎಣಿಸಿದ್ದರು.

ಹೀಗಿದ್ದೂ ಮಾರಾಟ ಬಿತ್ತೇ? ಇಲ್ಲ. 2016ರಲ್ಲೇ ಸಮೂಹವು ಟೊಯೋಟಾವನ್ನು ಹಿಂದಿಕ್ಕಿ ಜಗತ್ತಿನ ನಂಬರ್ ಒನ್ ಆಯಿತು! ಒಳ್ಳೆಯ ಬಾಗಿಲು, ಗಟ್ಟಿ ಬಾಡಿ, ಹೈವೇಯಲ್ಲಿ ಅಲುಗಾಡದ ನಡಿಗೆ. ಕೊಳ್ಳುವವನ ಲೆಕ್ಕವೇ ಬೇರೆ. ನಮ್ಮಲ್ಲೂ ಪೋಲೋ ಬಗ್ಗೆ ಕೆಟ್ಟ ಮಾತಾಡಿದರೆ ಜಗಳಕ್ಕೆ ಬರುವವರಿದ್ದಾರೆ. ಸರ್ವಿಸ್ ಬಿಲ್ಲಿನ ಬಗ್ಗೆ ಗೊಣಗುವವರೂ ಅವರೇ.

ಕಂಪನಿಗೆ ಈಗ ಹೊಡೆತ ಬೀಳುತ್ತಿರುವುದು ಬೇರೆ ಕಡೆಯಿಂದ. ಚೀನಾದ ಎಲೆಕ್ಟ್ರಿಕ್ ಕಾರುಗಳು ಅದರ ದೊಡ್ಡ ಮಾರುಕಟ್ಟೆಯನ್ನೇ ಕಿತ್ತುಕೊಳ್ಳುತ್ತಿವೆ. 2030ರ ಒಳಗೆ ಜರ್ಮನಿಯಲ್ಲಿ 35 ಸಾವಿರಕ್ಕೂ ಹೆಚ್ಚು ಕೆಲಸ ಕಡಿಮೆ ಮಾಡುವುದಕ್ಕೆ 2024ರ ಡಿಸೆಂಬರಿನಲ್ಲಿ ಸಂಘವೂ ಒಪ್ಪಿತು. ಇದರ ನಡುವೆಯೂ ಚೆನ್ನಾಗಿ ಹೋಗುತ್ತಿರುವ ಮಾಲು ಒಂದಿದೆ. ವೊಲ್ಫ್ಸ್‌ಬುರ್ಗ್ ಕ್ಯಾಂಟೀನಿಗಾಗಿ 1973ರಿಂದ ಕಂಪನಿಯೇ ಮಾಡುವ ಹಂದಿಮಾಂಸದ ಸಾಸೇಜು. ಬಿಡಿಭಾಗಗಳ ಹಾಗೆ ಅದಕ್ಕೂ ಒಂದು ಪಾರ್ಟ್ ನಂಬರ್ ಇದೆ. ಎಷ್ಟೋ ವರ್ಷ ತನ್ನ ಹೆಸರಿನ ಕಾರುಗಳಿಗಿಂತ ಸಾಸೇಜನ್ನೇ ಜಾಸ್ತಿ ಮಾರಿದೆ.

ಭಾರತದಲ್ಲಿ ಡೀಸೆಲ್ ವಿಷಯ ಹೇಗೆ ನಡೆಯಿತು? 2015ರ ಡಿಸೆಂಬರಿನಲ್ಲಿ ಸಮೂಹ ಸುಮಾರು 3 ಲಕ್ಷ 23 ಸಾವಿರ ಕಾರುಗಳನ್ನು ಸಾಫ್ಟ್‌ವೇರ್ ಸರಿಪಡಿಸಲು ವಾಪಸ್ ಕರೆಯಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕಂಪನಿಯ ವಾದ ಸರಳವಾಗಿತ್ತು: ನಿಮ್ಮ ನಿಯಮದ ಪ್ರಕಾರ ಪ್ರಯೋಗಾಲಯದಲ್ಲಿ ಪಾಸಾಗಿದ್ದೇವೆ, ರಸ್ತೆಯ ಮೇಲೆ ಇಷ್ಟೇ ಹೊಗೆ ಬರಬೇಕು ಎಂದು ನೀವು ಎಲ್ಲೂ ಹೇಳಿಲ್ಲ. ಕೇಳಿದರೆ ಸಿಟ್ಟು ಬರುತ್ತದೆ. ಆದರೆ ನಮ್ಮ ನಿಯಮದಲ್ಲಿ ಆಗ ಅಂಥ ಮಿತಿ ನಿಜಕ್ಕೂ ಇರಲಿಲ್ಲ. ಅದು ಬಂದದ್ದು 2023ರ ಏಪ್ರಿಲ್‌ನಿಂದ, ಬಿಎಸ್6 ಎಂಬ ಹೊಗೆ ನಿಯಮದ ಎರಡನೇ ಹಂತದಲ್ಲಿ. ಈಗ ಹೊಸ ಮಾದರಿ ಮಾರಾಟಕ್ಕೆ ಬರುವ ಮೊದಲು ಡಿಕ್ಕಿಯಲ್ಲಿ ಹೊಗೆ ಅಳೆಯುವ ಯಂತ್ರ ಹೊತ್ತು ಟ್ರಾಫಿಕ್ಕಿಗೆ ಇಳಿಯಬೇಕು, ಆ ಮೂವರು ಹುಡುಗರ ಪಸಾಟ್ ಹೋಗಿದ್ದ ಹಾಗೆ.